ಧಾತುವಿಗೆ ದನಿ ಬಂದಾಗ

ಹಾಡು ಕಟ್ಟಿದವರಿಗೂ ಹಾಡಿ ಹೆಸರಾದವರಿಗೂ ನಡುವೆ ಇರುವ ಅಂತರವನ್ನು ರಸಿಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕಂಠ ನೆನಪಿನಲ್ಲಿ ನಿಲ್ಲುತ್ತದೆ. ಕಟ್ಟಿದವರ ಹೆಸರು ಧ್ವನಿಮುದ್ರಿಕೆಯ ಮೇಲೆ ಸಣ್ಣಕ್ಷರಗಳಲ್ಲಿ ಅಡಗುತ್ತದೆ. ಅಮೆರಿಕದ ಕ್ಯಾರಲ್ ಕಿಂಗ್ ಸುಮಾರು ಹತ್ತು ವರ್ಷ ಆ ಸಣ್ಣಕ್ಷರಗಳಲ್ಲಿಯೇ ಬಾಳಿದವಳು.

1942ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಆಕೆ ಹದಿನೇಳನೆಯ ವಯಸ್ಸಿನಲ್ಲಿ ಜೆರಿ ಗಾಫಿನ್‌ನನ್ನು ಮದುವೆಯಾದಳು. ರಸಾಯನಶಾಸ್ತ್ರ ಅವನ ಉದ್ಯೋಗ, ಪದರಚನೆ ಅವನ ಗೀಳು. ಗೇಯದ ಪದಭಾಗವನ್ನು ನಮ್ಮ ಲಾಕ್ಷಣಿಕರು 'ಮಾತು' ಎಂದರು, ಸ್ವರಭಾಗವನ್ನು 'ಧಾತು' ಎಂದರು; ಎರಡನ್ನೂ ರಚಿಸಬಲ್ಲವನೇ ವಾಗ್ಗೇಯಕಾರ. ಈ ದಾಂಪತ್ಯದಲ್ಲಿ ಮಾತು ಗಂಡನದು, ಧಾತು ಹೆಂಡತಿಯದು. ಬ್ರಾಡ್‌ವೇ ಬೀದಿಯ ಆಲ್ಡನ್ ಮ್ಯೂಸಿಕ್ ಎಂಬ ಪ್ರಕಾಶನಸಂಸ್ಥೆಯ ಇಕ್ಕಟ್ಟಾದ ಕೋಣೆಯಲ್ಲಿ ಪಿಯಾನೋ ಮುಂದೆ ಕುಳಿತು, ಅನ್ಯರ ಕಂಠಕ್ಕಾಗಿ ಹಾಡು ಹೊಸೆಯುವುದೇ ಅವರ ಕಸುಬಾಯಿತು.

'ವಿಲ್ ಯು ಲವ್ ಮಿ ಟುಮಾರೋ' ಎಂಬ ಹಾಡು 1960ರಲ್ಲಿ ಹುಟ್ಟಿದಾಗ ಕಿಂಗ್‌ಗೆ ಹದಿನೆಂಟು ವರ್ಷ. ಇಂದಿನ ಒಲವು ನಾಳೆಗೂ ಉಳಿಯುವುದೇ ಎಂದು ಹೆಣ್ಣೊಬ್ಬಳು ಕೇಳುವ ಮಾತುಗಳನ್ನು ಬರೆದವನು ಗಂಡಸು ಎಂಬುದು ವಿನೋದವೇ ಸರಿ. ಷಿರೆಲ್ಸ್ ತಂಡದ ತರುಣಿಯರು ಹಾಡಿದ ಆ ಗೀತೆ 1961ರ ಆರಂಭದಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ಅಗ್ರಕ್ಕೇರಿತು. ಮುಂದೆ ಡ್ರಿಫ್ಟರ್ಸ್ ತಂಡಕ್ಕೆ 'ಅಪ್ ಆನ್ ದ ರೂಫ್', 1967ರಲ್ಲಿ ಅರೀತಾ ಫ್ರಾಂಕ್ಲಿನ್‌ಗೆ 'ಎ ನ್ಯಾಚುರಲ್ ವುಮನ್'. ನಡುವೆ, 1962ರಲ್ಲಿ, ತನ್ನದೇ ದನಿಯಲ್ಲಿ ಬಂದ ಒಂದು ಮುದ್ರಿಕೆಗೆ ಮನ್ನಣೆ ದೊರೆತರೂ ಆಕೆ ಗಾಯಕಿಯಾಗಿ ನೆಲೆಯೂರಲಿಲ್ಲ.

ಮದುವೆ ಮುರಿಯಿತು. 1968ರಲ್ಲಿ ಇಬ್ಬರು ಹೆಣ್ಣುಮಕ್ಕಳೊಡನೆ ಆಕೆ ಲಾಸ್ ಏಂಜಲೀಸಿಗೆ ಹೋದಳು. ಅಲ್ಲಿ ಪರಿಚಯವಾದ ಗಾಯಕ ಜೇಮ್ಸ್ ಟೇಲರ್, ಪಿಯಾನೋ ನುಡಿಸಲು ಬಂದವಳನ್ನು ತನ್ನ ಗೋಷ್ಠಿಯಲ್ಲಿ ಹಾಡಲೂ ಹಚ್ಚಿದ. 1970ರ ಮೊದಲ ಏಕವ್ಯಕ್ತಿ ಧ್ವನಿಮುದ್ರಿಕೆಯನ್ನು ಹೆಚ್ಚು ಜನ ಕೇಳಲಿಲ್ಲ. ಮರುವರ್ಷ ಬಂದ 'ಟ್ಯಾಪೆಸ್ಟ್ರಿ'ಯಾದರೋ 15 ವಾರ ಪಟ್ಟಿಯ ಮೊದಲ ಸ್ಥಾನದಿಂದ ಕದಲಲಿಲ್ಲ. ಅದರ ಫಲವಾಗಿ 1972ರಲ್ಲಿ ನಾಲ್ಕು ಗ್ರ್ಯಾಮಿ ಪ್ರಶಸ್ತಿಗಳು ಬಂದುವು.

ಆದರೆ ಪ್ರಶಸ್ತಿಗಿಂತ ಗಮನಾರ್ಹವಾದುದು ಆ ಮುದ್ರಿಕೆಯೊಳಗಿನ ಪುನರ್ಗಾಯನ. ಹದಿನೆಂಟರಲ್ಲಿ ಕಟ್ಟಿದ ಆ ನಾಳೆಯ ಹಾಡನ್ನೇ ಆಕೆ ಇಪ್ಪತ್ತೆಂಟರಲ್ಲಿ ಹಾಡುತ್ತಾಳೆ. ಷಿರೆಲ್ಸ್‌ರ ಕುಣಿವ ನಡೆ ಇಲ್ಲಿಲ್ಲ. ವಿಳಂಬಗತಿಯ ಪಿಯಾನೋ, ಹಿಂದೆ ಟೇಲರ್ ಮತ್ತು ಜೋನಿ ಮಿಚೆಲ್‌ರ ಮೆಲುದನಿ. ಪ್ರಶ್ನೆ ಅದೇ, ಮಾತು ಅದೇ. ಆದರೆ ಕೇಳುತ್ತಿರುವವಳು ಆ ನಾಳೆಯನ್ನು ಕಂಡು ಬಂದ ಹೆಂಗಸು. ಗಾಫಿನ್‌ನ ಮಾತು ಆಗ ಆಕೆಯದಾಯಿತೆಂದು ನನಗನ್ನಿಸುತ್ತದೆ. ಅರೀತಾಳ ಕಂಠಸಂಪತ್ತು ಈಕೆಗಿಲ್ಲ. ತುಸು ಒರಟಾದ, ಮನೆಮಾತಿನಂಥ ದನಿ. ಬೆಡಗಿನ ದನಿಯಾಗಿದ್ದರೆ ಈ ಹಾಡು ಕೆಡುತ್ತಿತ್ತೋ ಏನೋ. ಅದೇ ಮುದ್ರಿಕೆಯ 'ಯು ಹ್ಯಾವ್ ಗಾಟ್ ಎ ಫ್ರೆಂಡ್' ಗೀತೆಯ ಮಾತು, ಧಾತು, ದನಿ ಮೂರೂ ಆಕೆಯವೇ. ಹಾಗಿದ್ದೂ 1971ರಲ್ಲಿ ಪಟ್ಟಿಯ ಅಗ್ರಕ್ಕೇರಿದ್ದು ಟೇಲರ್ ಹಾಡಿದ ಆವೃತ್ತಿ!

ಅಮೆರಿಕದ ರಾಕ್ ಸಂಗೀತದ ಕೀರ್ತಿಮಂದಿರಕ್ಕೆ 1990ರಲ್ಲಿ ಕಿಂಗ್ ಸೇರಿದ್ದು ಗಾಫಿನ್‌ನೊಡನೆ, ರಚನಕಾರ್ತಿಯಾಗಿ. ಗಾಯಕಿಯಾಗಿ ಅಲ್ಲಿ ಪ್ರವೇಶ ದೊರೆತದ್ದು 2021ರಲ್ಲಿ, ಗಾಫಿನ್ ತೀರಿಕೊಂಡು ಏಳು ವರ್ಷವಾದ ಮೇಲೆ. ಆ ಸಂದರ್ಭದಲ್ಲಿ ಟೇಲರ್ ಸ್ವಿಫ್ಟ್ ಎಂಬ ಹೊಸ ತಲೆಮಾರಿನ ಗಾಯಕಿ ಹಾಡಲು ಆರಿಸಿಕೊಂಡದ್ದು ಆ ನಾಳೆಯ ಹಾಡನ್ನೇ.