ಒಡೆಯನನ್ನು ಬದಲಿಸುವ ಹಕ್ಕು

ತಗಡೂರಿನಿಂದ ಬಸ್ಸು ಹಿಡಿದು ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವ ಯುವಕನಿಗೆ ಅಲ್ಲಿನ ಸಂಬಳ ಸಾಲದೆನಿಸಿದರೆ ಏನು ಮಾಡುತ್ತಾನೆ? ಪಕ್ಕದ ಕಾರ್ಖಾನೆಯಲ್ಲಿ ವಿಚಾರಿಸುತ್ತಾನೆ. ಅಲ್ಲೂ ಹೊಂದದಿದ್ದರೆ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾನೆ. ಹಳೆಯ ಮಾಲೀಕ ಮುನಿಸಿಕೊಳ್ಳಬಹುದು, ಕೊನೆಯ ತಿಂಗಳ ಸಂಬಳಕ್ಕೆ ಅಲೆಸಬಹುದು. ಆದರೆ ‘ನನ್ನ ಕೆಲಸ ಬಿಟ್ಟರೆ ನೀನು ಈ ಊರಿನಲ್ಲೇ ಇರಕೂಡದು’ ಎನ್ನಲಾರ. ಅದೇ ಯುವಕ ರಿಯಾದ್‌ನಲ್ಲೋ, ದೋಹಾದಲ್ಲೋ, ಅಮೆರಿಕದ ಡಲ್ಲಾಸ್‌ನಲ್ಲೋ ಇದ್ದರೆ ಕತೆ ಬೇರೆ. ಅಲ್ಲಿ ಕೆಲಸ ಬಿಡುವುದೆಂದರೆ ಅನೇಕ ವೇಳೆ ಆ ದೇಶವನ್ನೇ ಬಿಡುವುದು.

ಇದಕ್ಕೆ ಕಾರಣ ಅವನ ಪಾಸ್‌ಪೋರ್ಟಿನಲ್ಲಿರುವ ವೀಸಾ. ಪ್ರವಾಸಿಗೆ ಕೊಡುವ ವೀಸಾ ಅವನ ಹೆಸರಿನಲ್ಲಷ್ಟೇ ಇರುತ್ತದೆ. ಕೆಲಸದ ವೀಸಾದ ಹಿಂದೆ ಇನ್ನೊಬ್ಬನಿರುತ್ತಾನೆ. ‘ಈತ ನನಗೆ ಬೇಕು, ಈತನಿಗೆ ನಾನು ಜವಾಬ್ದಾರ’ ಎಂದು ಸರ್ಕಾರಕ್ಕೆ ಬರೆದುಕೊಟ್ಟ ಮಾಲೀಕ ಅವನು. ಇಂಗ್ಲಿಷಿನಲ್ಲಿ ಅವನನ್ನು ಸ್ಪಾನ್ಸರ್ ಎನ್ನುತ್ತಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ಅವನೇ ಕಫೀಲ್, ಎಂದರೆ ಜಾಮೀನುದಾರ. ಆ ವ್ಯವಸ್ಥೆಗೆ ಕಫಾಲಾ ಎಂದು ಹೆಸರು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಮನೆಗಳಲ್ಲಿ ಈ ಮಾತುಗಳಿಗೆ ವಿವರಣೆ ಬೇಕಿಲ್ಲ. ಮೈಸೂರು ಸೀಮೆಗೆ ಅರಬ್ಬಿ ಪದ ಹೊಸದಿರಬಹುದು. ಅದರ ಹಿಂದಿನ ಸಂಗತಿ ಹೊಸದಲ್ಲ.

ರಾಮಪುರದ ಕರಾರು

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ತಮ್ಮ ಬರಹಗಳಲ್ಲಿ ಆ ಹಳ್ಳಿಗೆ ‘ರಾಮಪುರ’ ಎಂದು ಹೆಸರಿಟ್ಟರು. ಅಲ್ಲಿನ ಜೀತ ಪದ್ಧತಿಯನ್ನು ಅವರು ದಾಖಲಿಸಿದ್ದಾರೆ. ಬಡವನೊಬ್ಬ ಒಂದರಿಂದ ಮೂರು ವರ್ಷದವರೆಗೆ ಉಳ್ಳವನ ಮನೆಯಲ್ಲಿ ದುಡಿಯಲು ಒಪ್ಪಿಕೊಳ್ಳುತ್ತಿದ್ದ. ಷರತ್ತುಗಳನ್ನು ಸಾಮಾನ್ಯವಾಗಿ ಬರಹದಲ್ಲಿ ಇಡುತ್ತಿದ್ದರು. ಒಡೆಯ ಆರಂಭದಲ್ಲೇ ಅವನಿಗೋ ಅವನ ಹಿರಿಯರಿಗೋ ಒಂದಿಷ್ಟು ಮುಂಗಡ ಕೊಡುತ್ತಿದ್ದ. ಆ ಹಣವನ್ನು ದುಡಿದು ತೀರಿಸಬೇಕು. ತೀರುವ ಮುನ್ನ ಮನೆಯಲ್ಲಿ ಮದುವೆಯೋ ಸಾವೋ ಬಂದರೆ ಮತ್ತೆ ಸಾಲ, ಮತ್ತೆ ಜೀತ.

ಇಲ್ಲಿ ಆಳನ್ನು ಹಿಡಿದಿಟ್ಟಿದ್ದು ಸರಪಳಿಯಲ್ಲ, ಸಾಲ. ಬಾಕಿ ಉಳಿಸಿಕೊಂಡು ಓಡಿಹೋದವನನ್ನು ಬೇರೆ ಯಜಮಾನ ಇಟ್ಟುಕೊಂಡರೆ ಇಬ್ಬರು ಗೌಡರ ನಡುವೆ ವ್ಯಾಜ್ಯ. ಆದ್ದರಿಂದ ಅವನ ಮುಂದೆ ಉಳಿಯುತ್ತಿದ್ದ ದಾರಿ ಒಂದೇ: ಹೊಸ ಒಡೆಯ ಹಳೆಯ ಒಡೆಯನ ಬಾಕಿ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಆಗ ಒಡೆಯ ಬದಲಾಗುತ್ತಿದ್ದ, ಸಾಲ ಬದಲಾಗುತ್ತಿರಲಿಲ್ಲ.

ಬ್ರಿಟಿಷ್ ಸರ್ಕಾರ ಇಂಥದ್ದಕ್ಕೆ ಕಾನೂನಿನ ಬಲವನ್ನೂ ಕೊಟ್ಟಿತ್ತು. 1859ರಲ್ಲಿ ಬಂದ ಕೆಲಸಗಾರರ ಕರಾರು ಭಂಗ ಕಾಯ್ದೆಯ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಮತ್ತೆ ಕೆಲಸಕ್ಕೆ ಹೋಗೆಂಬ ಆಜ್ಞೆಗೆ ಬಗ್ಗದಿದ್ದರೆ 3 ತಿಂಗಳವರೆಗೆ ಕಠಿಣ ಸಜೆ. ಸಂಬಳ ಕೊಡದ ಮಾಲೀಕನ ಮೇಲೆ ಇರುವುದು ಸಿವಿಲ್ ದಾವೆ, ಕೆಲಸ ಬಿಟ್ಟ ಕೂಲಿಯವನಿಗೆ ಜೈಲು. ತೋಟದ ಮೇಸ್ತ್ರಿಗಳ ಕೈಯಿಂದ ಮುಂಗಡ ಪಡೆದು ಘಟ್ಟ ಹತ್ತುತ್ತಿದ್ದ ಕೂಲಿಗಳ ಕಾಲದಲ್ಲಿ ಇದು ತೋಟದ ದೊರೆಗಳಿಗೆ ಅನುಕೂಲದ ಕಾನೂನಾಗಿತ್ತು. ಅದನ್ನು ರದ್ದುಪಡಿಸಿದ್ದು 1925ರ ಕಾಯ್ದೆ.

ಇದೇ ಕಾಲದಲ್ಲಿ ತಗಡೂರು ರಾಮಚಂದ್ರರಾಯರು ನಂಜನಗೂಡು ಸೀಮೆಯಲ್ಲಿ ಖಾದಿ ಚಳವಳಿ ಕಟ್ಟುತ್ತಿದ್ದರು. ಬದನವಾಳಿನ ಖಾದಿ ಕೇಂದ್ರ ಅವರ ಶ್ರಮದ ಫಲ. ಸ್ವದೇಶಿಯ ಮಾತು ಒಂದು ಕಡೆಗಿರಲಿ. ನೂಲಿಗೆ ಕಾಸು ಸಿಗುವ ಊರಿನಲ್ಲಿ ಬಡವರಿಗೆ ಒಡೆಯನ ಹೊಲವಲ್ಲದೆ ಇನ್ನೊಂದು ಬಾಗಿಲು ತೆರೆಯಿತೆಂಬುದೂ ಸಣ್ಣ ಸಂಗತಿಯಲ್ಲ. ‘ನಿನ್ನ ಕೆಲಸ ಬೇಡ’ ಎನ್ನಬೇಕಾದರೆ ಬೇರೊಂದು ಕೆಲಸ ಕಣ್ಣಿಗೆ ಬೀಳುವಂತಿರಬೇಕು.

ಮುತ್ತಿನ ದೋಣಿಗಳು

ಎಣ್ಣೆ ಸಿಗುವ ಮುಂಚೆ ಅರಬ್ಬರ ಕೊಲ್ಲಿಯ ಸಂಪತ್ತು ಇದ್ದದ್ದು ಕಡಲ ತಳದ ಮುತ್ತಿನಲ್ಲಿ. ದೋಣಿಯ ಯಜಮಾನನನ್ನು ನಖೂದಾ ಎನ್ನುತ್ತಿದ್ದರು. ಮುಳುಗುಗಾರರು ಋತುವಿನ ಆರಂಭದಲ್ಲಿ ಅವನಿಂದ ಮುಂಗಡ ಪಡೆದು ಮನೆಗೆ ಕೊಟ್ಟು ಕಡಲಿಗೆ ಇಳಿಯುತ್ತಿದ್ದರು. ಋತು ಮುಗಿದಾಗ ಲೆಕ್ಕ ಸರಿಹೋದರೆ ಉಂಟು, ಇಲ್ಲದಿದ್ದರೆ ಬಾಕಿ ಮುಂದಿನ ವರ್ಷಕ್ಕೆ. ಬೇರೆ ದೋಣಿಗೆ ಹೋಗಬೇಕಾದರೆ ಹಳೆಯ ನಖೂದಾನಿಂದ ಬಾಕಿಯ ಚೀಟಿ ಬೇಕಿತ್ತು. ಅದರ ಹೆಸರು ‘ಬರ್ವಾ’. ಆ ಬಾಕಿಯನ್ನು ಹೊಸ ನಖೂದಾ ವಹಿಸಿಕೊಳ್ಳಬೇಕಿತ್ತು. ನಮ್ಮ ಜೀತದ ಲೆಕ್ಕಕ್ಕೂ ಇದಕ್ಕೂ ಕೂದಲೆಳೆಯ ಅಂತರ.

ಜಪಾನಿನ ಕೃಷಿ ಮುತ್ತುಗಳು ಬಂದು 1930ರ ದಶಕದಲ್ಲಿ ಆ ವ್ಯಾಪಾರ ಕುಸಿಯಿತು. ಬಹ್ರೇನ್‌ನಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿತು. ಹೊರದೇಶದ ಕೆಲಸಗಾರರು ಬರತೊಡಗಿದಾಗ ಅವರ ಹೊಣೆಯನ್ನು ಸರ್ಕಾರ ತಾನು ಹೊರದೆ ಕರೆಸಿದವನ ಹೆಗಲಿಗೆ ಹಾಕಿತು. ಹೀಗೆ ಕಫೀಲ್‌ನ ಕೈಗೆ ಮೂರು ಕೀಲಿಗಳು ಬಂದವು. ಕೆಲಸ ಅವನದು. ದೇಶದಲ್ಲಿರುವ ಪರವಾನಗಿ ಅವನ ಹೆಸರಿನ ಆಸರೆಯಲ್ಲಿ. ಬೇರೆ ಕಡೆ ಸೇರಲು ‘ನಮ್ಮ ಅಭ್ಯಂತರವಿಲ್ಲ’ ಎಂಬ ಪತ್ರವನ್ನೂ ಅವನೇ ಕೊಡಬೇಕು. ಕೊಲ್ಲಿಯ ಕನ್ನಡಿಗರ ಬಾಯಲ್ಲಿ ಎನ್‌ಒಸಿ ಎಂದೇ ಹೆಸರಾದ ಈ ಪತ್ರ ಒಂದರ್ಥದಲ್ಲಿ ಬರ್ವಾದ ಮೊಮ್ಮಗ.

ಕೊಲ್ಲಿಯಲ್ಲಿ ಬದಲಾದದ್ದು

ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಈ ಕೀಲಿಗಳು ಒಂದೊಂದಾಗಿ ಸಡಿಲಗೊಂಡಿವೆ. ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಬಹ್ರೇನ್ 2009ರಲ್ಲಿ ಅವಕಾಶ ಕೊಟ್ಟಿತು. 2011ರಲ್ಲಿ, ಮೊದಲ ಮಾಲೀಕನ ಬಳಿ ಒಂದು ವರ್ಷ ದುಡಿದಿರಬೇಕೆಂಬ ಷರತ್ತು ಸೇರಿಸಿತು.

ವಿಶ್ವಕಪ್ ಫುಟ್‌ಬಾಲ್‌ಗೆ ಸಜ್ಜಾಗುತ್ತಿದ್ದ ಕತಾರ್ ಮೇಲೆ ಜಗತ್ತಿನ ಕಣ್ಣಿತ್ತು. ಅದು 2020ರಲ್ಲಿ ಎನ್‌ಒಸಿಯನ್ನು ಕಾನೂನಿನಿಂದಲೇ ತೆಗೆದುಹಾಕಿತು. ಎರಡು ವರ್ಷದೊಳಗಿನ ಸೇವೆಯಾದರೆ ಒಂದು ತಿಂಗಳ, ಅದಕ್ಕಿಂತ ಹೆಚ್ಚಾದರೆ ಎರಡು ತಿಂಗಳ ನೋಟಿಸ್ ಕೊಟ್ಟು ಹೋಗಬಹುದು.

ಸೌದಿ ಅರೇಬಿಯಾದ ಸುಧಾರಣೆ ಜಾರಿಗೆ ಬಂದದ್ದು 2021ರ ಮಾರ್ಚ್ 14ರಂದು. ಒಬ್ಬ ಮಾಲೀಕನಲ್ಲಿ ಒಂದು ವರ್ಷ ಪೂರೈಸಿದವರು ಸರ್ಕಾರದ ಕಂಪ್ಯೂಟರ್ ಜಾಲದ ಮೂಲಕ ವರ್ಗಾವಣೆ ಕೋರಬಹುದು. ಸತತ 3 ತಿಂಗಳು ಸಂಬಳ ಬಾರದಿದ್ದರೆ ಒಪ್ಪಿಗೆಗೆ ಕಾಯಬೇಕಿಲ್ಲ. ಆದರೆ ಮನೆಗೆಲಸದವರು, ಮನೆಯ ಚಾಲಕರು, ತೋಟದವರು, ಕುರಿ ಕಾಯುವವರನ್ನು ಈ ಸುಧಾರಣೆಯಿಂದ ಹೊರಗಿಟ್ಟರು. ಅತಿ ಹೆಚ್ಚು ಒಂಟಿಯಾಗಿರುವವರು ಇವರೇ ಎಂಬುದನ್ನು ಗಮನಿಸಬೇಕು.

ಯುಎಇಯ ಕಾರ್ಮಿಕ ಕಾನೂನು 2022ರ ಫೆಬ್ರುವರಿಯಲ್ಲಿ ಜಾರಿಯಾಯಿತು. ನೋಟಿಸ್ ಅವಧಿ 30ರಿಂದ 90 ದಿನ. ಪರೀಕ್ಷಾರ್ಥ ಅವಧಿಯಲ್ಲೇ ಅಲ್ಲಿನ ಬೇರೊಂದು ಸಂಸ್ಥೆ ಸೇರುವವನು ಒಂದು ತಿಂಗಳು ಮೊದಲು ತಿಳಿಸಬೇಕು. ಅವನನ್ನು ಕರೆತಂದ ಖರ್ಚನ್ನು ಹೊಸ ಮಾಲೀಕ ಹಳೆಯ ಮಾಲೀಕನಿಗೆ ತುಂಬಿಕೊಡಬೇಕು. ಬಾಕಿ ಕಟ್ಟಿ ಆಳನ್ನು ಬಿಡಿಸಿಕೊಂಡ ಹಳೆಯ ಪದ್ಧತಿಯನ್ನು ಇದು ನೆನಪಿಸುವುದಿಲ್ಲವೇ? ಒಂದು ವ್ಯತ್ಯಾಸವಿದೆ. ಇಲ್ಲಿ ಹೊರೆ ಬೀಳುವುದು ಮಾಲೀಕನ ಮೇಲೆ, ಆಳಿನ ಮೇಲಲ್ಲ.

ಗಾಳಿ ಎಲ್ಲೆಡೆ ಒಂದೇ ದಿಕ್ಕಿಗೆ ಬೀಸುತ್ತಿದೆ ಎನ್ನುವಂತಿಲ್ಲ. ಖಾಸಗಿ ವಲಯದ ವಿದೇಶಿ ಕೆಲಸಗಾರರು ದೇಶ ಬಿಟ್ಟು ಹೊರಡಲು ಮಾಲೀಕನ ಅನುಮತಿ ಪಡೆಯಬೇಕೆಂಬ ನಿಯಮವನ್ನು ಕುವೈತ್ 2025ರ ಜುಲೈಯಿಂದ ಜಾರಿಗೆ ತಂದಿತು.

ಅಮೆರಿಕದ ಸರದಿ ಸಾಲು

ಬೆಂಗಳೂರು, ಮೈಸೂರಿನ ಎಂಜಿನಿಯರುಗಳಿಗೆ ಪರಿಚಿತವಾದದ್ದು ಅಮೆರಿಕದ ಎಚ್-1ಬಿ. 1990ರ ವಲಸೆ ಕಾಯ್ದೆ ಇದಕ್ಕೆ ಈಗಿನ ರೂಪ ಕೊಟ್ಟಿತು. ಇಲ್ಲೂ ಅರ್ಜಿ ಹಾಕುವವನು ಕೆಲಸಗಾರನಲ್ಲ, ಮಾಲೀಕ. ಬೇರೆ ಕಂಪನಿ ಸೇರಬೇಕಾದರೆ ಆ ಕಂಪನಿ ಹೊಸ ಅರ್ಜಿ ಹಾಕಬೇಕು. ಮೊದಲು ಆ ಅರ್ಜಿ ಮಂಜೂರಾಗುವತನಕ ಕಾಯಬೇಕಿತ್ತು. 2000ದ ಅಕ್ಟೋಬರ್‌ನಲ್ಲಿ ಬಂದ ಕಾನೂನು, ಹೊಸ ಅರ್ಜಿ ಸಲ್ಲಿಕೆಯಾದೊಡನೆ ಹೊಸ ಕೆಲಸ ಆರಂಭಿಸಲು ಬಿಟ್ಟಿತು. ಹಳೆಯ ಮಾಲೀಕನ ಒಪ್ಪಿಗೆಯ ಮಾತೇ ಇಲ್ಲಿಲ್ಲ. ಕೆಲಸ ಕಳೆದುಕೊಂಡವರಿಗೆ 2017ರ ಜನವರಿಯಿಂದ ಗರಿಷ್ಠ 60 ದಿನಗಳ ಅವಕಾಶವೂ ಸಿಕ್ಕಿದೆ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ಬಗೆಯ ವೀಸಾಕ್ಕೆ ಅರ್ಜಿ ಸಲ್ಲಿಸಬೇಕು, ಅದೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಮಕ್ಕಳ ಶಾಲೆ, ಮನೆಯ ಕಂತು, ಕಾರಿನ ಸಾಲ ಎಲ್ಲವೂ ಆ 60 ದಿನಗಳ ಲೆಕ್ಕಕ್ಕೆ ಒಳಪಟ್ಟಿರುತ್ತವೆ.

ಹಾಗಾದರೆ ಅಮೆರಿಕದ ಕನ್ನಡಿಗ ಸ್ವತಂತ್ರನೇ? ಅಲ್ಲಿ ಕಟ್ಟಿಹಾಕುವುದು ಗ್ರೀನ್ ಕಾರ್ಡಿನ ಸರದಿ. ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ರ ಮಿತಿ. ಅರ್ಜಿದಾರರು ಹೆಚ್ಚಿರುವ ಭಾರತೀಯರ ಸಾಲು ಹೀಗಾಗಿ ವರ್ಷಗಟ್ಟಲೆ ಉದ್ದ. ಸಾಲಿನಲ್ಲಿ ಹೆಸರು ಬರೆಸುವವನೂ ಸಾಮಾನ್ಯವಾಗಿ ಮಾಲೀಕನೇ. ಅರ್ಜಿಯ ಒಂದು ಹಂತ ಮಂಜೂರಾದ ಮೇಲೆ ಕಂಪನಿ ಬದಲಿಸಿದರೂ ಸರದಿಯ ದಿನಾಂಕ ಉಳಿಯುತ್ತದೆ; ಆದರೆ ಕಾಗದಪತ್ರದ ಕೆಲಸವನ್ನು ಹೊಸ ಕಂಪನಿ ಮೊದಲಿನಿಂದ ಮಾಡಬೇಕು. ‘ಇನ್ನೊಂದು ವರ್ಷ ತಡೆದುಕೊಳ್ಳೋಣ’ ಎಂಬ ಮಾತು ಅಲ್ಲಿ ಹುಟ್ಟುವುದು ಹೀಗೆ. ಬ್ರಿಟನ್ನಿನಲ್ಲೂ ಪರವಾನಗಿ ಪಡೆದ ಹೊಸ ಮಾಲೀಕನ ಪ್ರಮಾಣಪತ್ರದೊಡನೆ ಹೊಸದಾಗಿ ಅರ್ಜಿ ಹಾಕಬೇಕು. ಅದು ಮಂಜೂರಾದ ಮೇಲೆಯೇ ಆ ಕೆಲಸ ಆರಂಭಿಸಬೇಕು.

1976 ಹೇಳುವ ಪಾಠ

ಕೆಲಸದ ವೀಸಾವನ್ನು ಜೀತವೆಂದು ಕರೆದರೆ ಅದು ಅತಿಯಾದೀತು. ದುಬೈಗೆ ಹೋದವನು ತನ್ನ ಇಚ್ಛೆಯಿಂದ ಹೋಗಿದ್ದಾನೆ, ಸಂಬಳ ಪಡೆಯುತ್ತಾನೆ, ಅವಧಿ ಮುಗಿದರೆ ಮರಳುತ್ತಾನೆ. ಅವನು ಕಳಿಸಿದ ಹಣದಿಂದ ಎದ್ದ ಮನೆಗಳು ಕರಾವಳಿಯ ಉದ್ದಕ್ಕೂ ಇವೆ. ಆದರೂ ನಮ್ಮದೇ ದೇಶದ ಕಾನೂನು ಜೀತವನ್ನು ಹೇಗೆ ಗುರುತಿಸಿತೆಂದು ನೋಡುವುದು ಒಳ್ಳೆಯದು. 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ ಹೊಡೆತ, ಬಡಿತ, ಸರಪಳಿಯ ಗುರುತುಗಳನ್ನು ಹುಡುಕಲಿಲ್ಲ. ಸಾಲ ಅಥವಾ ಮುಂಗಡದ ಕಾರಣದಿಂದ ಬೇರೆ ಉದ್ಯೋಗ ಹಿಡಿಯುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದನ್ನೇ ಜೀತದ ಗುರುತುಗಳಲ್ಲಿ ಒಂದೆಂದು ಎಣಿಸಿತು.

ಆ ಕಾಯ್ದೆ ಮತ್ತೊಂದು ಕೆಲಸ ಮಾಡಿತು. ಆಳನ್ನು ಬಿಡುಗಡೆ ಮಾಡಿದ್ದಲ್ಲದೆ ಅವನ ಜೀತದ ಸಾಲವನ್ನೂ ಅಳಿಸಿಹಾಕಿತು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕರ್ನಾಟಕದಲ್ಲಿ ಅದೇ 1976ರಲ್ಲಿ ಋಣ ಪರಿಹಾರ ಕಾಯ್ದೆಯೂ ಬಂದಿತು. ಆಳು ಬಿಡುಗಡೆಯಾಗಿ ಸಾಲ ಉಳಿದರೆ ಅವನು ಮತ್ತೆ ಅದೇ ಬಾಗಿಲಿಗೆ ಬರುತ್ತಾನೆಂಬ ತಿಳಿವಳಿಕೆ ಇದರ ಹಿಂದಿತ್ತು.

ಕೊಲ್ಲಿಯ ಸುಧಾರಣೆಗಳು ಮೊದಲನೆಯದನ್ನು ಮಾಡಿವೆ, ಎರಡನೆಯದನ್ನು ಮಾಡಲಾರವು. ಏಕೆಂದರೆ ಸಾಲ ಇರುವುದು ದೋಹಾದಲ್ಲಲ್ಲ, ಊರಿನಲ್ಲಿ. ಏಜೆಂಟನಿಗೆ ಕೊಡಲು ಹೆಂಡತಿಯ ಒಡವೆ ಅಡವಿಟ್ಟು, ಬಡ್ಡಿಗೆ ಹಣ ತಂದು ವಿಮಾನ ಹತ್ತಿದವನಿಗೆ ಎನ್‌ಒಸಿ ರದ್ದಾದರೆಷ್ಟು, ಬಿಟ್ಟರೆಷ್ಟು? ಹೊಸ ಕೆಲಸ ಸಿಗುವವರೆಗೆ ಒಂದು ತಿಂಗಳ ಸಂಬಳ ತಪ್ಪಿದರೂ ಬಡ್ಡಿ ನಿಲ್ಲುವುದಿಲ್ಲ. ಹಾಗಾಗಿ ಬೈಗುಳ ಕೇಳಿಕೊಂಡೂ ಅಲ್ಲೇ ಇರುತ್ತಾನೆ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೆ ಭಾರತ ಸರ್ಕಾರ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಹಾಕಿದೆ. ಇದಕ್ಕಿಂತ ಹೆಚ್ಚು ಕೇಳುವವನು ವೀಸಾ ಮಾತ್ರವಲ್ಲ, ಜೊತೆಗೊಂದು ಸಾಲವನ್ನೂ ಮಾರುತ್ತಿದ್ದಾನೆಂದೇ ತಿಳಿಯಬೇಕು.

ಹೊರಡುವ ಮುನ್ನ

ಏಜೆಂಟನ ಹೆಸರು 1983ರ ವಲಸೆ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಕರಾರಿನ ಪ್ರತಿಯೊಂದು ಮನೆಯಲ್ಲಿರಬೇಕು. ಪಾಸ್‌ಪೋರ್ಟ್ ಯಾರದೋ ಅವರ ಕೈಯಲ್ಲೇ ಇರಬೇಕು. ಅದನ್ನು ಮಾಲೀಕ ಇಟ್ಟುಕೊಳ್ಳುವುದು ಯುಎಇ, ಕತಾರ್, ಸೌದಿ ಅರೇಬಿಯಾಗಳಲ್ಲೂ ನಿಯಮಕ್ಕೆ ವಿರುದ್ಧ.

ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಮೊದಲು ವರ್ಗಾವಣೆ, ಆಮೇಲೆ ಹೊಸ ಕೆಲಸ. ಜಗಳವಾಡಿಕೊಂಡು ಸ್ನೇಹಿತನ ಕೋಣೆ ಸೇರಿಕೊಂಡವನನ್ನು ‘ಓಡಿಹೋದವನು’ ಎಂದು ಮಾಲೀಕ ದೂರು ಕೊಡಬಹುದು. ಸೌದಿಯಲ್ಲಿ ಇದಕ್ಕೆ ‘ಹುರೂಬ್’ ಎನ್ನುತ್ತಾರೆ. ಆ ಮುದ್ರೆ ಬಿದ್ದರೆ ನ್ಯಾಯ ತನ್ನ ಕಡೆಗಿದ್ದರೂ ಕಾಗದ ತನ್ನ ಕಡೆಗಿರುವುದಿಲ್ಲ. ಅಂಥ ಹೊತ್ತಿನಲ್ಲಿ ಭಾರತೀಯ ರಾಯಭಾರ ಕಚೇರಿಯ ಕಾರ್ಮಿಕ ವಿಭಾಗಕ್ಕೆ ಹೋಗಬಹುದು. ಊರಿನವರು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ ‘ಮದದ್’ ತಾಣದಲ್ಲಿ ದೂರು ದಾಖಲಿಸಬಹುದು.

ರಾಮಪುರದ ಆಳು, ಕಡಲಿನ ಮುಳುಗುಗಾರ, ದೋಹಾದ ಚಾಲಕ, ಡಲ್ಲಾಸ್‌ನ ಎಂಜಿನಿಯರ್ ಇವರೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವವರಲ್ಲ. ಸಂಬಳದಲ್ಲಿ, ಮರ್ಯಾದೆಯಲ್ಲಿ ಅಜಗಜಾಂತರವಿದೆ. ಆದರೆ ಬೇಡವೆನಿಸಿದ ಕೆಲಸವನ್ನು ಬಿಟ್ಟರೆ ಮಾರನೆಯ ದಿನ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾಲ್ವರಿಗೂ ಕೇಳಬಹುದು. ವಿದೇಶದ ಕೆಲಸ ಒಪ್ಪಿಕೊಳ್ಳುವಾಗ ನಾವು ಸಾಮಾನ್ಯವಾಗಿ ಕೇಳುವುದು ಸಂಬಳ ಎಷ್ಟು, ಊಟ ವಸತಿ ಉಂಟೇ ಎಂದು. ಬಿಡಬೇಕೆನಿಸಿದರೆ ಬಿಡುವುದು ಹೇಗೆ ಎಂಬುದನ್ನೂ ಸಹಿ ಹಾಕುವ ಮುಂಚೆಯೇ ಕೇಳಿಕೊಳ್ಳುವುದು ಕ್ಷೇಮ.