ಸಾಕಿದ ಬೋವಾ ಹಾವಿನ ಆಹಾರಕ್ರಮ



ವೈದ್ಯರನ್ನು ಉಪನ್ಯಾಸಕ್ಕೆ ಕರೆದವರು ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲುಗಳ ಮಾತನ್ನು ನಿರೀಕ್ಷಿಸುವುದು ವಾಡಿಕೆ. ಈ ಸಲ ಕಿರಿಯರ ಕೋರಿಕೆಯಂತೆ ವಿಷಯ ಬೇರೆಯಾಗಿದೆ. ಅಮೆರಿಕೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಕೆಲವರು ನಾಯಿ ಬೆಕ್ಕುಗಳನ್ನು ಬಿಟ್ಟು ಹಾವನ್ನು ಸಾಕಲು ಬಯಸುತ್ತಾರೆ. ತಂದೆತಾಯಿಗಳು ಮೊದಲು ಬೆಚ್ಚುತ್ತಾರೆ, ಆಮೇಲೆ ಮಗುವಿನ ಹಟಕ್ಕೆ ಮಣಿಯುತ್ತಾರೆ. ಗಾಜಿನ ಗೂಡಿನಲ್ಲಿ ಬೋವಾ ಕನ್‌ಸ್ಟ್ರಿಕ್ಟರ್ ಎಂಬ ಅತಿಥಿ ಮನೆ ಸೇರುತ್ತದೆ. ಆಗ ಏಳುವ ಮೊದಲ ಪ್ರಶ್ನೆಯೆಂದರೆ, ಇದಕ್ಕೆ ಏನನ್ನು, ಎಷ್ಟನ್ನು, ಯಾವಾಗ ಉಣಿಸಬೇಕು ಎಂಬುದು.

ನಾವು ಮನುಷ್ಯರ ವೈದ್ಯರು. ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಸ್ಥಾನವನ್ನು ತುಂಬಲಾರೆವು. ಆದರೆ ಜೀರ್ಣಕ್ರಿಯೆಯ ಕೆಲವು ಮೂಲತತ್ತ್ವಗಳನ್ನು ತಿಳಿದುಕೊಂಡರೆ ಉಳಿದ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಸಾರಾಂಶವನ್ನು ಮೊದಲೇ ಹೇಳಿಬಿಡುವುದಾದರೆ, ಆರೋಗ್ಯವಾಗಿರುವ ಬೋವಾಕ್ಕೆ ಹಸಿವಿಗಿಂತ ಉಣಿಸುವವರ ಅಕ್ಕರೆಯೇ ಹೆಚ್ಚು ಅಪಾಯಕಾರಿ. ‘ಇನ್ನೊಂದು ತುತ್ತು’ ಎಂದು ಬಲವಂತ ಮಾಡಿ ಬಡಿಸುವ ಸಂಸ್ಕಾರದಲ್ಲಿ ಬೆಳೆದ ನಮಗೆ ಈ ಮಾತು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಆದ್ದರಿಂದ ಅದರ ಕಾರಣಗಳನ್ನು ಸ್ವಲ್ಪ ವಿವರವಾಗಿ ನೋಡೋಣ.

ಬೋವಾ ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗಿನ ನಾಡುಗಳ ಹಾವು. 1758ರಲ್ಲಿ ಲಿನ್ನೇಯಸ್ ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ನಮ್ಮ ಹೆಬ್ಬಾವಿನಂತೆ ಇದಕ್ಕೂ ವಿಷವಿಲ್ಲ. ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಹೆಬ್ಬಾವು ಮೊಟ್ಟೆಯಿಡುತ್ತದೆ, ಬೋವಾ ಮರಿ ಹಾಕುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ‘ಎರಡು ತಲೆ ಹಾವು’ ಎಂದು ಹೆಸರಾದ ಮಣ್ಣುಮುಕ್ಕ ಹಾವು ಇದರ ದೂರದ ಬಂಧು. ಹುಟ್ಟಿದಾಗ ಒಂದೂವರೆ ಅಡಿಯಷ್ಟಿರುವ ಮರಿ ಬೆಳೆದು ಆರರಿಂದ ಒಂಬತ್ತು ಅಡಿಗೆ ತಲುಪಬಹುದು. ಹೆಣ್ಣು ಗಂಡಿಗಿಂತ ದೊಡ್ಡದು.

ಇದು ಬೇಟೆಯನ್ನು ಹುಡುಕಿ ಅಲೆಯುವ ಪ್ರಾಣಿಯಲ್ಲ. ಹೊಂಚು ಹಾಕಿ ಒಂದೆಡೆ ಕಾಯುತ್ತದೆ. ನಮ್ಮ ಪೂರ್ವಿಕರಿಗೆ ಈ ಸ್ವಭಾವ ಚೆನ್ನಾಗಿ ತಿಳಿದಿತ್ತು. ಮಹಾಭಾರತದ ಶಾಂತಿಪರ್ವದಲ್ಲಿಯೂ ಭಾಗವತದಲ್ಲಿಯೂ ಪ್ರಹ್ಲಾದನಿಗೆ ಎದುರಾಗುವ ಮುನಿಯು ತಾನಾಗಿ ಬಂದದ್ದನ್ನು ಉಂಡು, ಬಾರದಿದ್ದಾಗ ಸುಮ್ಮನಿದ್ದು ಬಾಳುತ್ತಾನೆ. ಆ ಬಾಳಿಗೆ ‘ಅಜಗರ ವೃತ್ತಿ’ ಎಂದು ಹೆಸರು. ಬೋವಾಕ್ಕೂ ಅದೇ ವೃತ್ತಿ. ಉಪವಾಸವು ಅದಕ್ಕೆ ಕಷ್ಟಕಾಲವಲ್ಲ, ನಿತ್ಯಜೀವನವೇ ಅದು.

ಮನುಷ್ಯನ ಜಠರವು ಬರಿದಾಗಿದ್ದಾಗಲೂ ಆಮ್ಲವನ್ನು ಸ್ರವಿಸುತ್ತಿರುತ್ತದೆ. ಹೆಬ್ಬಾವು ಬೋವಾಗಳಂತಹ ಹಾವುಗಳಲ್ಲಿ ಹಾಗಲ್ಲ. ಅಡುಗೆ ಮುಗಿದ ಮೇಲೆ ಒಲೆಯನ್ನು ಆರಿಸಿ ಪಾತ್ರೆಗಳನ್ನು ಬೋರಲು ಹಾಕಿದಂತೆ, ಆಹಾರ ಅರಗಿದ ನಂತರ ಆಮ್ಲದ ಸ್ರಾವ ನಿಲ್ಲುತ್ತದೆ, ಕರುಳು ಕುಗ್ಗುತ್ತದೆ. ಮುಂದಿನ ಬೇಟೆ ಒಳಗಿಳಿದ ಮೇಲೆ ಒಲೆಯನ್ನು ಹೊಸದಾಗಿ ಹೊತ್ತಿಸಬೇಕು. ಬರ್ಮೀಸ್ ಹೆಬ್ಬಾವಿನ ಮೇಲೆ 1990ರ ದಶಕದಿಂದ ನಡೆದ ಅಧ್ಯಯನಗಳು, ಊಟವಾದ ಒಂದೆರಡು ದಿನಗಳಲ್ಲೇ ಅದರ ಸಣ್ಣ ಕರುಳಿನ ತೂಕ ಸುಮಾರು ಇಮ್ಮಡಿಯಾಗುವುದನ್ನೂ, ಯಕೃತ್ತು ಮೂತ್ರಪಿಂಡಗಳು ಹಿಗ್ಗುವುದನ್ನೂ ತೋರಿಸಿವೆ. ಬೋವಾದಲ್ಲಿಯೂ ಇದೇ ಬಗೆಯ ಏರಿಳಿತ ಕಂಡುಬಂದಿದೆ. ಹೀಗೆ ಒಂದೊಂದು ಊಟವೂ ಇಡೀ ದೇಹಕ್ಕೆ ಒಂದು ದೊಡ್ಡ ಕಾರ್ಯಭಾರ. ಅದು ಮುಗಿದು ವಿಶ್ರಾಂತಿ ದೊರೆಯುವ ಮುನ್ನವೇ ಮತ್ತೊಂದನ್ನು ಹೇರುವುದು ಉಪಚಾರವಾಗುವುದಿಲ್ಲ.

ಹಾವು ತನ್ನ ಮೈಬಿಸಿಯನ್ನು ತಾನೇ ಉತ್ಪಾದಿಸಿಕೊಳ್ಳುವುದಿಲ್ಲ. ಆದ್ದರಿಂದ ಅದಕ್ಕೆ ಬೇಕಾದ ಆಹಾರ, ಅಷ್ಟೇ ತೂಕದ ಬೆಕ್ಕಿಗೆ ಬೇಕಾದುದರ ಒಂದು ಅಲ್ಪಾಂಶ ಮಾತ್ರ. ಅದೇ ಕಾರಣದಿಂದ, ತಿಂದದ್ದನ್ನು ಅರಗಿಸಲು ಅದಕ್ಕೆ ಹೊರಗಿನ ಶಾಖ ಅತ್ಯಗತ್ಯ. ಗೂಡಿನ ಒಂದು ಮೂಲೆ 88ರಿಂದ 91 ಡಿಗ್ರಿ ಫ್ಯಾರನ್‌ಹೀಟಿನಷ್ಟು ಬೆಚ್ಚಗಿರಬೇಕು; ಮತ್ತೊಂದು ಮೂಲೆ 80ರ ಆಸುಪಾಸಿನಲ್ಲಿ ತಂಪಾಗಿರಬೇಕು. ಚಳಿಗಾಲದ ರಾತ್ರಿ ಈ ಬಿಸಿ ತಪ್ಪಿದರೆ ನುಂಗಿದ ಇಲಿ ಜಠರದಲ್ಲೇ ಕೊಳೆಯತೊಡಗುತ್ತದೆ. ಉಷ್ಣಮಾಪಕವಿಲ್ಲದ ಗೂಡಿನಲ್ಲಿ ಹಾವಿಗೆ ಊಟ ಹಾಕಲೇಬಾರದು.

ಇನ್ನು ಏನನ್ನು ಉಣಿಸಬೇಕು ಎಂಬ ಪ್ರಶ್ನೆ. ನಾಗರ ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವುದನ್ನು ಕಂಡು ಬೆಳೆದವರು ನಾವು. ಆ ಆಚರಣೆಯ ಭಾವವನ್ನು ಗೌರವಿಸೋಣ. ಆದರೆ ಹಾಲು ಹಾವಿನ ಆಹಾರವಲ್ಲ. ಅದನ್ನು ಅರಗಿಸುವ ಏರ್ಪಾಡು ಅದರ ದೇಹದಲ್ಲಿಲ್ಲ. ಹಾವಾಡಿಗನ ಬುಟ್ಟಿಯ ಹಾವು ಹಾಲು ಕುಡಿದಂತೆ ಕಂಡರೆ, ಅದಕ್ಕೆ ದಿನಗಟ್ಟಲೆ ನೀರು ದೊರೆತಿಲ್ಲವೆಂದು ಅರ್ಥ. ಬೋವಾದ ಗೂಡಿನಲ್ಲಿ ಸದಾ ಇರಬೇಕಾದದ್ದು ಶುದ್ಧವಾದ ನೀರು.

ಬೋವಾ ಸಂಪೂರ್ಣ ಮಾಂಸಾಹಾರಿ. ಕೋಳಿಯ ತುಂಡು, ಅಂಗಡಿಯ ಮಾಂಸ ಇವು ಸಾಲವು. ಇಡೀ ಪ್ರಾಣಿಯೇ ಬೇಕು. ಇಲಿಯ ಮೂಳೆಯಿಂದ ಕ್ಯಾಲ್ಸಿಯಂ, ಅದರ ಯಕೃತ್ತಿನಿಂದ ‘ಎ’ ಜೀವಸತ್ವ, ಹೀಗೆ ಬೇಕಾದುದೆಲ್ಲ ಅದರಲ್ಲೇ ದೊರೆಯುವುದರಿಂದ ಬೇರೆ ಟಾನಿಕ್ಕುಗಳ ಅಗತ್ಯವಿಲ್ಲ. ಸಸ್ಯಾಹಾರಿ ಮನೆತನದವರು ಇಲ್ಲಿ ತಮ್ಮ ಮನಸ್ಸನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿಕೊಳ್ಳಬೇಕು. ಸತ್ತ ಇಲಿಯನ್ನು ಮನೆಯೊಳಗೆ ತರಲು ಒಪ್ಪಿಗೆಯಿಲ್ಲದಿದ್ದರೆ ಅದರಲ್ಲಿ ಸಂಕೋಚಪಡುವಂಥದೇನೂ ಇಲ್ಲ. ಸೊಪ್ಪು ತಿನ್ನುವ ಮೊಲವನ್ನು ಸಾಕಬಹುದು. ನಮ್ಮ ಆಚಾರಕ್ಕೆ ಹಾವನ್ನು ಒಗ್ಗಿಸಲು ಹೋಗುವುದು ಮಾತ್ರ ಸಲ್ಲದು.

ಜೀವಂತ ಇಲಿಯನ್ನು ಗೂಡಿನೊಳಕ್ಕೆ ಬಿಡುವ ಪದ್ಧತಿ ಇಲಿಗೂ ಕ್ರೂರ, ಹಾವಿಗೂ ಅಪಾಯಕರ. ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಆಳವಾದ ಗಾಯ ಮಾಡಬಲ್ಲದು. ಅಂಗಡಿಗಳಲ್ಲಿ ದೊರೆಯುವ, ಹಿಮಗಟ್ಟಿಸಿದ ಇಲಿಗಳೇ ಉತ್ತಮ. ಸತ್ತ ಇಲಿಯನ್ನು ಕೊಟ್ಟರೆ ಬೋವಾಕ್ಕೆ ಅನ್ಯಾಯವಾಗುತ್ತದೆಂದು ಮಕ್ಕಳು ಮರುಗುವುದುಂಟು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸತ್ತ ಇಲಿಗಳೊಳಗೆ ಕೃತಕ ಹೃದಯಬಡಿತವನ್ನು ಅಳವಡಿಸಿ ಬೋವಾಗಳಿಗೆ ಕೊಟ್ಟರು. ಬಡಿತವಿದ್ದಷ್ಟು ಹೊತ್ತು ಅವು ಬಿಗಿಯುತ್ತಿದ್ದವು. ನಿಂತ ಮೇಲೆ ಸಡಿಲಿಸಿದವು. ಬೇಟೆಯ ಹೃದಯ ನಿಂತಿರುವುದನ್ನು ಅರಿತು ಶ್ರಮವನ್ನು ಉಳಿಸಿಕೊಳ್ಳುವ ಈ ಜೀವಿಗೆ ಸತ್ತ ಇಲಿ ನಷ್ಟವಲ್ಲ, ಸೌಕರ್ಯ.

ಎಷ್ಟು, ಎಂದಿಗೊಮ್ಮೆ? ಇಲಿಯ ದಪ್ಪ ಹಾವಿನ ನಡುಮೈಯ ದಪ್ಪವನ್ನು ಮೀರಬಾರದು. ಎಳೆಯ ಹಾವಿಗೆ ಅದರ ತೂಕದ ಹತ್ತನೆಯ ಒಂದು ಭಾಗವನ್ನು ಮೇಲ್ಮಿತಿಯಾಗಿ ಇಟ್ಟುಕೊಳ್ಳಬಹುದು. ಬೆಳೆದ ಹಾವಿಗೆ ಅದಕ್ಕೂ ಕಡಿಮೆ. ಮೊದಲ ವರ್ಷದಲ್ಲಿ ಹತ್ತರಿಂದ ಹದಿನಾಲ್ಕು ದಿನಗಳಿಗೆ ಒಂದು ಸಣ್ಣ ಇಲಿ; ಎರಡು ಮೂರನೆಯ ವರ್ಷಗಳಲ್ಲಿ ಎರಡು ಮೂರು ವಾರಗಳಿಗೊಮ್ಮೆ; ಪೂರ್ಣ ಬೆಳೆದ ಮೇಲೆ ನಾಲ್ಕರಿಂದ ಆರು ವಾರಗಳಿಗೊಮ್ಮೆ. ಮೂರು ಕಿಲೋ ತೂಗುವ ಹಾವಿಗೆ ಸುಮಾರು 200 ಗ್ರಾಮಿನ ಒಂದು ಇಲಿ ಇಡೀ ತಿಂಗಳಿಗೆ ಸಾಕು. ತಿಂಗಳಿಗೊಮ್ಮೆ ಹಾವನ್ನು ತೂಗಿ ಬರೆದಿಡುವ ಕೆಲಸವನ್ನು ಮಕ್ಕಳಿಗೆ ವಹಿಸಿರಿ.

ಹಾವು ಗಾಜಿಗೆ ಮೂಗು ಒತ್ತಿ ನೋಡಿದ ಮಾತ್ರಕ್ಕೆ ಹಸಿದಿದೆಯೆಂದು ತಿಳಿಯಬೇಡಿ. ಎದುರಿಗೆ ಬಂದದ್ದನ್ನು ಬಿಡದಿರುವುದು ಅದರ ಹುಟ್ಟುಗುಣ. ಕಾಡಿನಲ್ಲಿ ಮುಂದಿನ ಬೇಟೆ ಎಂದು ಬರುವುದೋ ತಿಳಿಯದು. ಹೊಟ್ಟೆ ತುಂಬಿದರೂ ಕೊಟ್ಟದ್ದನ್ನು ನುಂಗುತ್ತದೆ. ಹೆಚ್ಚಾದದ್ದು ಕೊಬ್ಬಾಗಿ ಯಕೃತ್ತಿನಲ್ಲಿಯೂ ಹೃದಯದ ಸುತ್ತಲೂ ಶೇಖರವಾಗುತ್ತದೆ. ಚಿಕಿತ್ಸಾಲಯದಲ್ಲಿ ನಮ್ಮವರ ಯಕೃತ್ತುಗಳಲ್ಲಿ ನಾವು ಕಾಣುವ ಅದೇ ವ್ಯಾಧಿ ಇದು. ಬಾಗಿದಾಗ ಹುರುಪೆಗಳ ನಡುವೆ ಚರ್ಮ ಕಾಣುವುದು, ಬಾಲದ ಬಳಿ ಮಡಿಕೆಗಳು ಬೀಳುವುದು, ಬೆನ್ನುಮೂಳೆ ಹಳ್ಳದಲ್ಲಿ ಹುದುಗುವುದು ಬೊಜ್ಜಿನ ಗುರುತುಗಳು. ಬೇಗ ಬೆಳೆಯಲೆಂದು ವಾರವಾರವೂ ತುರುಕಿದ ಹಾವು ಉದ್ದವಾಗಬಹುದು, ಆದರೆ ದೀರ್ಘಾಯುವಾಗದು. ಮಿತವಾಗಿ ಉಂಡ ಬೋವಾ ಇಪ್ಪತ್ತು ಮೂವತ್ತು ವರ್ಷ ಬದುಕಬಲ್ಲದು. ಫಿಲಡೆಲ್ಫಿಯಾ ಮೃಗಾಲಯದಲ್ಲಿ 1977ರಲ್ಲಿ ತೀರಿಕೊಂಡ ಒಂದು ಬೋವಾ ನಾಲ್ವತ್ತು ವರ್ಷಗಳನ್ನು ಮೀರಿತ್ತು.

ಉಣಿಸುವ ವಿಧಾನವೂ ಮುಖ್ಯ. ಹಿಮಗಟ್ಟಿದ ಇಲಿಯನ್ನು ಭದ್ರವಾಗಿ ಮುಚ್ಚಿದ ಚೀಲದಲ್ಲಿಟ್ಟು, ಮೊದಲು ತಣ್ಣೀರಿನಲ್ಲಿ ಕರಗಿಸಿ, ಕೊನೆಗೆ ಬಿಸಿನೀರಿನಲ್ಲಿ ಮುಳುಗಿಸಿ 100 ಡಿಗ್ರಿಯಷ್ಟು ಬೆಚ್ಚಗೆ ಮಾಡಬೇಕು. ಹೊಟ್ಟೆಯನ್ನು ಒತ್ತಿ ನೋಡಿ, ಒಳಗೆ ಹಿಮ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿರಿ. ಮೈಕ್ರೋವೇವ್ ಬೇಡವೇ ಬೇಡ. ಬರಿಗೈಯಲ್ಲಿ ಕೊಡದೆ ಉದ್ದನೆಯ ಇಕ್ಕಳದಿಂದ, ಗೂಡಿನಲ್ಲಿಯೇ ಕೊಡಿರಿ. ಇಲಿಯ ವಾಸನೆಯಿರುವ ಕೈಯನ್ನು ಹಾವು ಇಲಿಯೆಂದೇ ತಿಳಿಯುತ್ತದೆ. ಉಂಡ ಮೇಲೆ ಕನಿಷ್ಠ ಎರಡು ಮೂರು ದಿನ ಮುಟ್ಟಬಾರದು. ಪೊರೆ ಬಿಡುವ ಮುನ್ನ ಕಣ್ಣು ಮಂಜಾದಾಗ ಊಟ ಹಾಕದಿರುವುದು ಲೇಸು. ಎಂಟು ಅಡಿಗಿಂತ ಉದ್ದನೆಯ ಹಾವಿಗೆ ಉಣಿಸುವಾಗ ಇಬ್ಬರು ವಯಸ್ಕರಿರಬೇಕು. ಚಿಕ್ಕ ಮಕ್ಕಳು ಕೋಣೆಯಲ್ಲಿ ಇರಬಾರದು.

ನುಂಗಿದ್ದನ್ನು ಹಾವು ಕಕ್ಕಿದರೆ ತಕ್ಷಣ ಮತ್ತೊಂದು ಇಲಿ ಕೊಡಬೇಕೆನಿಸುವುದು ಸಹಜ. ಅದು ಅತ್ಯಂತ ಅಪಾಯಕರ. ಕಕ್ಕಿದಾಗ ಆಮ್ಲವೂ ದ್ರವವೂ ನಷ್ಟವಾಗಿ ಅನ್ನನಾಳ ಬೆಂದಿರುತ್ತದೆ. ಎರಡು ಮೂರು ವಾರ ನೀರು ಮಾತ್ರ ಕೊಟ್ಟು, ಗೂಡಿನ ಬಿಸಿಯನ್ನು ಪರೀಕ್ಷಿಸಿ, ಆಮೇಲೆ ಅರ್ಧ ಗಾತ್ರದ ಇಲಿಯನ್ನು ಕೊಡಬೇಕು. ಮತ್ತೆ ಕಕ್ಕಿದರೆ ಪಶುವೈದ್ಯರಲ್ಲಿಗೆ ಒಯ್ಯಲೇಬೇಕು. ಬೋವಾಗಳಲ್ಲಿ ಕಕ್ಕುವಿಕೆಯೊಂದಿಗೆ ಕಾಣಿಸಿಕೊಳ್ಳುವ, ಗುಣಪಡಿಸಲಾಗದ ಒಂದು ರೋಗವಿದೆ; ಅದರ ಹಿಂದೆ ಅರೆನಾವೈರಸ್ ಗುಂಪಿನ ವೈರಾಣುಗಳಿರುವುದು 2012ರಲ್ಲಿ ಬೆಳಕಿಗೆ ಬಂದಿತು. ಹಾಗೆಯೇ, ಬೆಳೆದ ಹಾವು ಊಟ ನಿರಾಕರಿಸಿದರೆ ಗಾಬರಿ ಬೇಡ. ತೂಕ ಇಳಿಯದಿದ್ದರೆ ಅದು ಏಕಾದಶಿ ಮಾಡುತ್ತಿದೆಯೆಂದು ತಿಳಿದು ಸುಮ್ಮನಿರಿ. ತೂಕ ಇಳಿದರೆ, ಅಥವಾ ಎಳೆಯ ಮರಿ ತಿನ್ನದಿದ್ದರೆ, ವೈದ್ಯರನ್ನು ಕಾಣಿರಿ. ಬಾಯಿ ತೆರೆದು ತುರುಕುವ ಸಾಹಸ ಬೇಡ.

ಈಗ ಮನೆಮಂದಿಯ ಆರೋಗ್ಯದ ಮಾತು. ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲಿಯೂ ಹಿಮಗಟ್ಟಿದ ಇಲಿಯಲ್ಲಿಯೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಹಿಮ ಅದನ್ನು ಕೊಲ್ಲುವುದಿಲ್ಲ. ಅಮೆರಿಕೆಯಲ್ಲಿ 2010ರಲ್ಲಿಯೂ 2014ರಲ್ಲಿಯೂ ಇಂತಹ ಇಲಿಗಳಿಂದ ಮನುಷ್ಯರಿಗೆ ಸೋಂಕು ತಗಲಿದ ಪ್ರಕರಣಗಳು ವರದಿಯಾಗಿದ್ದವು. ಐದು ವರ್ಷದೊಳಗಿನ ಮಕ್ಕಳು, ಅರವತ್ತೈದು ದಾಟಿದ ಹಿರಿಯರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಯಲ್ಲಿ ಸರೀಸೃಪ ಬೇಡವೆಂದು ಸಾರ್ವಜನಿಕ ಆರೋಗ್ಯ ಇಲಾಖೆಯ ಸಲಹೆ. ಊರಿನಿಂದ ಅಜ್ಜ ಅಜ್ಜಿ ಬಂದು ಆರು ತಿಂಗಳು ಇರುವ ನಮ್ಮ ಸಂಸಾರಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಇಲಿಗಳನ್ನು ಕಾಯಿತುರಿಯ ಪಕ್ಕದಲ್ಲಿಡದೆ ಗ್ಯಾರೇಜಿನಲ್ಲಿ ಪ್ರತ್ಯೇಕ ಫ್ರೀಜರ್ ಇಟ್ಟುಕೊಳ್ಳಿರಿ. ಅವುಗಳ ಪಾತ್ರೆ, ಇಕ್ಕಳ, ಚೀಲಗಳು ಅಡುಗೆಮನೆಯ ಹೊಸ್ತಿಲು ದಾಟಬಾರದು. ಮುಟ್ಟಿದ ಪ್ರತಿಸಲವೂ ಸಾಬೂನಿನಿಂದ ಕೈ ತೊಳೆಯಬೇಕು. ನಮ್ಮ ಮನೆಗಳ ಹಳೆಯ ಮಡಿ ಮೈಲಿಗೆಯ ಶಿಸ್ತು ಇಲ್ಲಿ ಬಲು ಉಪಯುಕ್ತ.

ಹತ್ತು ವರ್ಷದ ಮಗು ಇಂದು ತಂದ ಬೋವಾ, ಆ ಮಗು ಕಾಲೇಜಿಗೆ ಹೋಗಿ, ಉದ್ಯೋಗ ಹಿಡಿದು, ಸಂಸಾರಸ್ಥನಾದ ಮೇಲೂ ಬದುಕಿರುತ್ತದೆ. ಆಗ ತಿಂಗಳಿಗೊಮ್ಮೆ ಇಕ್ಕಳ ಹಿಡಿಯುವವರು ತಂದೆತಾಯಿಗಳೇ. ಬೇಸತ್ತು ಕಾಡಿಗೆ ಬಿಟ್ಟುಬಿಡುವ ಯೋಚನೆ ಮಹಾಪರಾಧ. ಮಯಾಮಿಯ ಒಂದು ಉದ್ಯಾನದಲ್ಲಿಯೂ ಕೆರಿಬಿಯನ್ನಿನ ಅರೂಬಾ ದ್ವೀಪದಲ್ಲಿಯೂ ಇಂದು ನೆಲೆನಿಂತಿರುವ ಪರಕೀಯ ಬೋವಾಗಳು ಅಲ್ಲಿನ ಪ್ರಾಣಿಪಕ್ಷಿಗಳಿಗೆ ಕಂಟಕವಾಗಿವೆ. ಕೊಳ್ಳುವ ಮುನ್ನವೇ ತಮ್ಮ ಊರಿನ ಕಾಯಿದೆಯನ್ನು ವಿಚಾರಿಸಿ, ಸರೀಸೃಪಗಳನ್ನು ನೋಡುವ ಪಶುವೈದ್ಯರು ಹತ್ತಿರದಲ್ಲಿದ್ದಾರೆಯೇ ಎಂದು ತಿಳಿದುಕೊಳ್ಳಿರಿ.

ಬಡಿಸುವುದೇ ಪ್ರೀತಿಯೆಂದು ನಂಬಿದ ಜನ ನಾವು. ಬೋವಾ ನಮ್ಮಿಂದ ಬೇಡುವ ಪ್ರೀತಿ ಬೇರೆ ಬಗೆಯದು: ಬಿಸಿಯನ್ನು ಅಳೆಯುವುದು, ತೂಕವನ್ನು ಬರೆಯುವುದು, ಕೊಡಬೇಕೆನಿಸಿದಾಗ ಕೊಡದೆ ಕಾಯುವುದು. ಈ ಸಂಯಮವನ್ನು ಕಲಿತ ಮಗು ಮುಂದೆ ತನ್ನ ತಟ್ಟೆಯ ಮುಂದೆ ಕುಳಿತಾಗಲೂ ಅದನ್ನು ನೆನೆದರೆ, ವೈದ್ಯರಾಗಿ ನಮಗೆ ಅದಕ್ಕಿಂತ ಹೆಚ್ಚಿನ ಸಂತೋಷ ಬೇರೊಂದಿಲ್ಲ.