ಕಚ್ಚಿ ಕೂತ ಬ್ರೇಕ್ ಡಿಸ್ಕು

ಚಕ್ರ ಬಿಚ್ಚಿದ್ದಾಯಿತು. ಕ್ಯಾಲಿಪರ್ ತೆಗೆದು ತಂತಿಯಲ್ಲಿ ತೂಗುಹಾಕಿದ್ದಾಯಿತು. ಅದನ್ನು ಹೊತ್ತಿದ್ದ ಬ್ರಾಕೆಟ್ಟೂ ಕಳಚಿ ಬಂತು. ಈಗ ಬ್ರೇಕ್ ಡಿಸ್ಕನ್ನು ಬಿಗಿದಿಟ್ಟ ಬೋಲ್ಟು ಒಂದೂ ಉಳಿದಿಲ್ಲ. ಎರಡು ಕೈಯಲ್ಲಿ ಹಿಡಿದೆಳೆದರೆ ಡಿಸ್ಕು ಬಂದುಬಿಡಬೇಕು. ಆದರೆ ಬರುವುದಿಲ್ಲ, ಅಲುಗುವುದೂ ಇಲ್ಲ. ನಾಲ್ಕೈದು ಮಳೆಗಾಲ ಕಂಡ ಕರಾವಳಿಯ ಕಾರಿನಲ್ಲಿ ಇದು ತೀರಾ ಮಾಮೂಲು. ಮನೆಯಂಗಳದಲ್ಲಿ ತಾವೇ ಬ್ರೇಕಿನ ಕೆಲಸಕ್ಕೆ ಕೂತವರು ಈ ಹಂತದಲ್ಲಿ ಮನೆಯಲ್ಲಿರುವ ಅತಿ ದೊಡ್ಡ ಸುತ್ತಿಗೆ ಹುಡುಕುತ್ತಾರೆ. ಡಿಸ್ಕನ್ನು ಹಿಡಿದಿಟ್ಟಿರುವುದು ಏನು, ಅದು ಯಾವುದಕ್ಕೆ ಸೋಲುತ್ತದೆ ಎಂಬುದು ಗೊತ್ತಾದರೆ ಅಷ್ಟು ದೊಡ್ಡ ಸುತ್ತಿಗೆ ಬೇಕಾಗುವುದೇ ಇಲ್ಲ.

ಡಿಸ್ಕು ಎರಕದ ಕಬ್ಬಿಣದ್ದು. ನೂರಕ್ಕೆ ಮೂರು ಮೂರೂವರೆ ಪಾಲು ಇಂಗಾಲ ಬೆರೆತ ಈ ಬೂದು ಬಣ್ಣದ ಲೋಹದೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಚಕ್ಕೆಗಳು ಹರಡಿಕೊಂಡಿರುತ್ತವೆ. ಬ್ರೇಕಿಗೆ ಬೇಕಾದ ಗುಣಗಳೆಲ್ಲ ಬರುವುದು ಈ ಚಕ್ಕೆಗಳಿಂದಲೇ. ಬಿಸಿಯನ್ನು ಬೇಗ ಹರಡುತ್ತವೆ, ಕಂಪನವನ್ನು ನುಂಗುತ್ತವೆ, ಉಜ್ಜಾಟದಲ್ಲಿ ಲೋಹ ಕಿತ್ತುಬರದಂತೆ ನೋಡಿಕೊಳ್ಳುತ್ತವೆ. ಬ್ರೇಕಿನ ಬಿಸಿ ಸಾಮಾನ್ಯದ್ದಲ್ಲ. ಒಂದು ಟನ್ ತೂಕದ ಕಾರು ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುತ್ತಿದ್ದು ಪೂರ್ತಿ ನಿಂತರೆ ಸುಮಾರು 250 ಕಿಲೋಜೂಲ್ ಶಕ್ತಿ ಶಾಖವಾಗಿ ಮಾರ್ಪಡಬೇಕು. ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕುಗಳ ಮೇಲೇ ಬೀಳುತ್ತದೆ. ತಲಾ ಐದು ಕಿಲೋ ತೂಕದ ಡಿಸ್ಕು ಎಂದಿಟ್ಟುಕೊಂಡರೆ ಒಂದೇ ಬ್ರೇಕಿಗೆ 35–40 ಡಿಗ್ರಿ ಬಿಸಿ ಏರಿತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವಾಗ ಡಿಸ್ಕು ಪೂರ್ತಿ ತಣಿಯುವ ಮೊದಲೇ ಮತ್ತೆ ಬ್ರೇಕ್, ಮತ್ತೆ ಬಿಸಿ. ಇಷ್ಟು ಕಮ್ಮಿ ಬೆಲೆಗೆ ಇದನ್ನೆಲ್ಲ ತಾಳಿಕೊಳ್ಳುವ ಇನ್ನೊಂದು ಲೋಹ ಇಲ್ಲ. ಅದಕ್ಕೇ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದು ನೂರಿಪ್ಪತ್ತು ವರ್ಷ ಕಳೆದರೂ ಮಾಮೂಲಿ ಕಾರುಗಳ ಡಿಸ್ಕು ಎರಕದ ಕಬ್ಬಿಣದ್ದೇ. ಅದಕ್ಕಿರುವ ದೊಡ್ಡ ದೋಷ ಒಂದೇ, ತುಕ್ಕು.

ಪ್ಯಾಡು ಉಜ್ಜುವ ಮೈಯ ಮೇಲಿನ ತುಕ್ಕಿಗೆ ಹೆದರಬೇಕಾಗಿಲ್ಲ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಡಿಸ್ಕು ಕೆಂಪಾಗಿರುತ್ತದೆ. ನಾಲ್ಕು ಸಲ ಬ್ರೇಕ್ ಒತ್ತಿದರೆ ಹೊಳೆಯುತ್ತದೆ. ತೊಂದರೆ ಕೊಡುವ ತುಕ್ಕು ಇರುವುದು ಕಣ್ಣಿಗೆ ಕಾಣದ ಜಾಗದಲ್ಲಿ. ಡಿಸ್ಕಿನ ನಡುವಿನ ತೂತು, ಚಕ್ರವನ್ನು ಹೊತ್ತು ತಿರುಗುವ ಹಬ್ಬಿನ ಉಬ್ಬಿದ ಅಂಚಿನ ಮೇಲೆ ಕೂರುತ್ತದೆ. ಚಕ್ರ ಓಲಾಡದಂತೆ ಡಿಸ್ಕನ್ನು ನಟ್ಟನಡುವೆ ನಿಲ್ಲಿಸುವುದೇ ಆ ಅಂಚು, ಹಾಗಾಗಿ ಇವೆರಡರ ನಡುವಿನ ಸಂದು ತೀರಾ ಕಿರಿದು. ಕಿರಿದಾದ ಸಂದು ನೀರನ್ನು ತಾನಾಗಿ ಒಳಗೆಳೆದುಕೊಳ್ಳುತ್ತದೆ, ಒಳಗೆ ಹೋದ ನೀರು ಬೇಗ ಆರುವುದಿಲ್ಲ.

ಅಲ್ಲಿ ನಡೆಯುವುದನ್ನು ಅರ್ಥ ಮಾಡಿಕೊಳ್ಳಲು ಒಂದು ಹನಿ ಉಪ್ಪುನೀರು ಸಾಕು. ಕೇಂಬ್ರಿಜ್‌ನ ವಿಜ್ಞಾನಿ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಈ ಪ್ರಯೋಗವನ್ನು ಪ್ರಸಿದ್ಧಗೊಳಿಸಿದರು. ಚೊಕ್ಕವಾಗಿ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಹನಿ ಬಿಟ್ಟು ನೋಡುತ್ತಿದ್ದರೆ, ತುಕ್ಕು ಹನಿಯ ತುಂಬ ಒಂದೇ ಸಮ ಹರಡುವುದಿಲ್ಲ; ಉಂಗುರವಾಗಿ ಮೂಡುತ್ತದೆ. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಸಲೀಸಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಈ ಏರುಪೇರಿನಿಂದಾಗಿ ಹನಿಯೊಳಗೇ ಒಂದು ಪುಟ್ಟ ವಿದ್ಯುತ್ ಕೋಶ ಹುಟ್ಟುತ್ತದೆ. ಆಮ್ಲಜನಕ ಕಮ್ಮಿ ಇರುವ ನಡುಭಾಗದಲ್ಲಿ ಕಬ್ಬಿಣ ಕರಗುತ್ತದೆ, ಕರಗಿದ್ದು ಅಂಚಿನ ಕಡೆ ಹೋಗಿ ಆಮ್ಲಜನಕ ಸಿಕ್ಕಲ್ಲಿ ತುಕ್ಕಾಗಿ ಕೂರುತ್ತದೆ. ಹಬ್ಬಿನ ಸಂದಿನಲ್ಲೂ ನಡೆಯುವುದು ಇದೇ. ಒಳಗೆ ಲೋಹ ಸವೆಯುತ್ತದೆ, ಬಾಯಿಯ ಹತ್ತಿರ ತುಕ್ಕು ಗಟ್ಟಿಯಾಗಿ ಕೂತು ಸಂದನ್ನು ಮುದ್ರೆ ಹಾಕಿದ ಹಾಗೆ ಮುಚ್ಚುತ್ತದೆ.

ಉಪ್ಪು ಇಲ್ಲಿ ಎರಡು ಕೆಲಸ ಮಾಡುತ್ತದೆ. ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವಂತೆ ಮಾಡುತ್ತದೆ. ಜತೆಗೆ ಗಾಳಿಯ ತೇವವನ್ನು ಹೀರಿಕೊಂಡು ಮಳೆಯಿಲ್ಲದ ದಿನವೂ ಲೋಹವನ್ನು ಒದ್ದೆಯಾಗಿಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ಮಂಜುಗಡ್ಡೆ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ಅಲ್ಲಿಯ ಕಾರುಗಳಿಗೆ ಈ ಕಾಯಿಲೆ ಹೆಚ್ಚು. ನಮ್ಮ ಕರಾವಳಿಯಲ್ಲಿ ಉಪ್ಪು ಸುರಿಯುವವರು ಯಾರೂ ಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮರವಂತೆ ದಾಟುವಾಗ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ. ಜುಲೈಯಲ್ಲಿ ಅಲೆ ಕಲ್ಲಿಗೆ ಬಡಿದಾಗ ಹಾರುವ ತುಂತುರು ನೇರ ರಸ್ತೆಗೇ ಬರುತ್ತದೆ. ಅಂಥ ರಸ್ತೆಯ ಕಾರು, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ. ಇವೆರಡೂ ಸೇರಿದರೆ ಹಬ್ಬು ಒಣಗಿರುವುದು ಬೇಸಿಗೆಯಲ್ಲಿ ಮಾತ್ರ.

ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಚ್ಚಿಕೊಳ್ಳುವ ಗುಟ್ಟು ಇಲ್ಲಿದೆ. ಕರಗಿದ ಲೋಹದ ಎರಡು ಪಟ್ಟಿನಿಂದ ನಾಲ್ಕು ಪಟ್ಟಿನವರೆಗೆ, ನೀರಿನಂಶ ಸೇರಿದಷ್ಟೂ ಇನ್ನೂ ಹೆಚ್ಚು. ಹಳೆಯ ಮನೆಗಳ ಸಜ್ಜಾದಲ್ಲಿ ಸರಳಿಗೆ ತುಕ್ಕು ಹಿಡಿದು ಕಾಂಕ್ರೀಟಿನ ಚಪ್ಪಡಿಯೇ ಉದುರುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಒತ್ತಡ ಡಿಸ್ಕಿನ ತೂತಿಗೂ ಹಬ್ಬಿನ ಅಂಚಿಗೂ ನಡುವೆ ಬೆಣೆ ಜಡಿದು ಕೂತಿರುತ್ತದೆ. ನೀವು ಡಿಸ್ಕನ್ನು ಮುಂದಕ್ಕೆ ಎಳೆಯುತ್ತೀರಿ, ತುಕ್ಕು ಪಕ್ಕಕ್ಕೆ ಒತ್ತುತ್ತದೆ. ಆ ಒತ್ತಡ ಇರುವವರೆಗೆ ಘರ್ಷಣೆ ಬಿಡುವುದಿಲ್ಲ.

ಆದರೆ ತುಕ್ಕಿಗೆ ಒಂದು ದೌರ್ಬಲ್ಯ ಇದೆ. ಅದು ಲೋಹವಲ್ಲ, ಲೋಹದ ಜಗ್ಗುವ ಗುಣ ಅದಕ್ಕಿಲ್ಲ. ಸುಟ್ಟ ಹಪ್ಪಳದ ಹಾಗೆ, ಬಾಗದೆ ಮುರಿಯುತ್ತದೆ. ಆದ್ದರಿಂದ ಡಿಸ್ಕನ್ನು ಎಳೆದು ತರುವುದು ನಮ್ಮ ಕೆಲಸವಲ್ಲ. ತುಕ್ಕನ್ನು ಮುರಿಯಬೇಕು, ಡಿಸ್ಕು ತಾನಾಗಿ ಬರುತ್ತದೆ. ಮುಂದೆ ಹೇಳುವ ಉಪಾಯಗಳೆಲ್ಲ ಇದರ ಸುತ್ತಲೇ ಇವೆ.

ಮೊದಲು ಜೀವದ ಮಾತು. ಕಾರಿನ ಜೊತೆ ಬರುವ ಜಾಕು ಚಕ್ರ ಬದಲಿಸಲು ಮಾತ್ರ. ಅದೊಂದನ್ನೇ ನಂಬಿ ಸುತ್ತಿಗೆ ಬೀಸಬಾರದು. ಗಟ್ಟಿ ನೆಲದ ಮೇಲೆ ಜಾಕ್ ಸ್ಟ್ಯಾಂಡು ಕೊಡಿ, ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಸರಿಸಿಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಕ್ಯಾಲಿಪರನ್ನು ಬ್ರೇಕಿನ ರಬ್ಬರ್ ಪೈಪಿನಲ್ಲಿ ನೇತಾಡಲು ಬಿಡಬೇಡಿ, ಪೈಪು ಒಳಗೇ ಹರಿದರೆ ಹೊರಗೆ ಗೊತ್ತಾಗುವುದಿಲ್ಲ. ಬ್ರೇಕಿನ ಧೂಳನ್ನು ಬಾಯಲ್ಲಾಗಲಿ ಗಾಳಿಯ ಪೈಪಿನಲ್ಲಾಗಲಿ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆಯ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇದ್ದೀತು. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಹೊಡೆಯುವ ಮೊದಲು ಡಿಸ್ಕಿನ ಮುಖವನ್ನು ವೈರ್ ಬ್ರಶ್ಶಿನಲ್ಲಿ ಉಜ್ಜಿ ನೋಡಿ. ಕೆಲವು ಕಾರುಗಳಲ್ಲಿ ಒಂದೋ ಎರಡೋ ಚಪ್ಪಟೆ ತಲೆಯ ಸ್ಕ್ರೂ ತುಕ್ಕಿನಡಿ ಅಡಗಿರುತ್ತದೆ. ಅದು ಇದ್ದದ್ದೇ ತಿಳಿಯದೆ ಡಿಸ್ಕನ್ನು ಬಡಿದು ಒಡೆದವರಿದ್ದಾರೆ. ಮಾಮೂಲಿ ಸ್ಕ್ರೂ ಡ್ರೈವರ್ ಅದರ ತಲೆಯನ್ನು ಕೊರೆದು ಹಾಳು ಮಾಡುತ್ತದೆ. ಸುತ್ತಿಗೆಯ ಪೆಟ್ಟನ್ನೇ ತಿರುವಾಗಿ ಬದಲಿಸುವ ಇಂಪ್ಯಾಕ್ಟ್ ಡ್ರೈವರ್ ಇದಕ್ಕೆಂದೇ ಇದೆ. ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕಾರಾದರೆ ಹ್ಯಾಂಡ್ ಬ್ರೇಕ್ ಬಿಟ್ಟಿದೆಯೇ ನೋಡಿ. ಕೆಲವದರಲ್ಲಿ ಡಿಸ್ಕಿನ ಬಟ್ಟಲಿನೊಳಗೆ ಹ್ಯಾಂಡ್ ಬ್ರೇಕಿನ ಶೂಗಳಿರುತ್ತವೆ, ಅವು ಸವೆದ ಅಂಚಿಗೆ ಸಿಕ್ಕಿಕೊಂಡರೆ ಎಷ್ಟು ಎಳೆದರೂ ಉಪಯೋಗವಿಲ್ಲ.

ಆಮೇಲೆ ಎಣ್ಣೆ. ಗ್ಯಾರೇಜುಗಳಲ್ಲಿ ಡೀಸೆಲ್ ಹಚ್ಚುವವರೂ ಇದ್ದಾರೆ. ಡಬ್ಲ್ಯುಡಿ-40 ಎಲ್ಲ ಅಂಗಡಿಯಲ್ಲಿ ಸಿಗುತ್ತದೆ. ಅಮೆರಿಕದ ಸ್ಯಾನ್ ಡಿಯೆಗೋದಲ್ಲಿ 1953ರಲ್ಲಿ ಅದನ್ನು ರೂಪಿಸಿದ್ದು ಲೋಹದ ಮೇಲಿನ ನೀರನ್ನು ಓಡಿಸಲು, ಹೆಸರಿನ 40 ಎಂದರೆ ನಲವತ್ತನೆಯ ಪ್ರಯತ್ನ. ತುಕ್ಕಿನೊಳಗೆ ಇಳಿಯಲೆಂದೇ ಮಾಡಿದ ತೆಳು ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ಯಾವುದೇ ಆಗಲಿ, ಒಮ್ಮೆ ಸಿಂಪಡಿಸಿ ಐದು ನಿಮಿಷಕ್ಕೆ ಎಳೆದರೆ ಫಲ ಇಲ್ಲ. ಗಟ್ಟಿ ತುಕ್ಕಿನಲ್ಲಿ ಎಣ್ಣೆ ನುಗ್ಗಲು ದಾರಿಯೇ ಇರುವುದಿಲ್ಲ. ದಾರಿಯನ್ನು ನಾವು ಮಾಡಿಕೊಡಬೇಕು. ಅಂಚಿಗೆ ಎಣ್ಣೆ ಬಿಡುವುದು, ಸಣ್ಣ ಸುತ್ತಿಗೆಯಲ್ಲಿ ಸುತ್ತಲೂ ತಟ್ಟುವುದು, ಬಿರುಕಿಗೆ ಎಣ್ಣೆ ಇಳಿಯಲು ಬಿಡುವುದು, ಮತ್ತೆ ತಟ್ಟುವುದು. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮುಂದುವರಿಸಿದರೆ ಇನ್ನೂ ಚೆನ್ನ. ಕುಂದಾಪುರದ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಕೆಲಸ ಕಲಿಯುವ ಹುಡುಗನಿಗೆ ಹೇಳುತ್ತಿದ್ದ ಮಾತು ನನಗೆ ತುಂಬ ಹಿಡಿಸಿತು: “ಗುದ್ದಬೇಡ ಮಾರಾಯ, ತಟ್ಟು. ಸದ್ದು ಕೇಳು.” ಕಚ್ಚಿಕೊಂಡ ಡಿಸ್ಕನ್ನೂ ಹಬ್ಬನ್ನೂ ತುಕ್ಕು ಒಂದಾಗಿ ಹಿಡಿದಿರುತ್ತದೆ, ಪೆಟ್ಟಿಗೆ ಬರುವ ಸದ್ದು ಗಟ್ಟಿ, ಮೊಂಡು. ತುಕ್ಕು ಬಿರಿದ ಕ್ಷಣ ಸದ್ದು ಬದಲಾಗುತ್ತದೆ, ಸ್ಟಡ್ಡುಗಳ ಬುಡದಿಂದ ಕೆಂಪು ಪುಡಿ ಉದುರುತ್ತದೆ. ಆ ಪುಡಿ ಕಂಡರೆ ಕೆಲಸ ಸರಿದಾರಿಯಲ್ಲಿದೆ ಎಂದೇ ಅರ್ಥ.

ಪೆಟ್ಟು ಏಕೆ ಕೆಲಸ ಮಾಡುತ್ತದೆ? ಒಂದು ಕಿಲೋ ಸುತ್ತಿಗೆ ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಬಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ನಿಂತರೆ, ಆ ಹೊತ್ತಿಗೆ ಅದು ಹಾಕುವ ಬಲ ಅರ್ಧ ಟನ್ ತೂಕಕ್ಕೆ ಸಮ. ಕೈಯಲ್ಲಿ ಎಳೆದು ಯಾರೂ ಅಷ್ಟು ಬಲ ಹಾಕಲಾರರು. ಆದರೆ ಆ ಬಲ ತುಕ್ಕಿನಲ್ಲೇ ನಿಲ್ಲುವುದಿಲ್ಲ, ಹಬ್ಬಿನ ಮೂಲಕ ಹಾದು ಚಕ್ರದ ಬೇರಿಂಗಿಗೂ ತಲುಪುತ್ತದೆ. ಅಲ್ಲಿ ಗೋಲಿಗಳು ತಾವು ಉರುಳುವ ಹಾದಿಯನ್ನು ಮುಟ್ಟುವುದು ಸಾಸಿವೆಗಿಂತ ಚಿಕ್ಕ ಜಾಗದಲ್ಲಿ. ಭಾರಿ ಪೆಟ್ಟು ಬಿದ್ದರೆ ಆ ಹಾದಿಯಲ್ಲಿ ಗುಳಿ ಬೀಳುತ್ತದೆ. ಉಕ್ಕಿನ ಗೋಲಿಯನ್ನು ಲೋಹಕ್ಕೆ ಒತ್ತಿ, ಬಿದ್ದ ಗುಳಿಯಿಂದ ಗಡಸುತನ ಅಳೆಯುವ ವಿಧಾನವನ್ನು 1900ರಲ್ಲಿ ಜಗತ್ತಿಗೆ ತೋರಿಸಿದ್ದು ಸ್ವೀಡನ್ನಿನ ಯೊಹಾನ್ ಆಗಸ್ಟ್ ಬ್ರಿನೆಲ್. ಬೇರಿಂಗಿನ ಈ ಗಾಯವನ್ನೂ ಎಂಜಿನಿಯರುಗಳು ಅವನ ಹೆಸರಿನಿಂದಲೇ ಕರೆಯುತ್ತಾರೆ. ಡಿಸ್ಕು ಬಂತೆಂದು ಖುಷಿಪಟ್ಟ ಸ್ವಲ್ಪ ದಿನಕ್ಕೇ ಚಕ್ರದಿಂದ ಗೂಂ ಎಂಬ ಸದ್ದು ಶುರುವಾದರೆ ಕಾರಣ ಇದೇ ಇರಬಹುದು. ದೊಡ್ಡ ಸುತ್ತಿಗೆಯನ್ನು ನಾನು ಇಷ್ಟು ವಿರೋಧಿಸುವುದು ಅದಕ್ಕಾಗಿ.

ಇದಕ್ಕಿಂತ ಎಷ್ಟೋ ಮೇಲಾದ ಉಪಾಯವನ್ನು ಅನೇಕ ಕಾರುಗಳಲ್ಲಿ, ಅದರಲ್ಲೂ ಜಪಾನೀ ಮೂಲದವುಗಳಲ್ಲಿ, ತಯಾರಕರೇ ಕೊಟ್ಟಿರುತ್ತಾರೆ. ಡಿಸ್ಕಿನ ಮುಖದ ಮೇಲೆ ಮರೆ (ಥ್ರೆಡ್) ಕೊರೆದ ಎರಡು ತೂತು. ಅವು ಏನನ್ನೂ ಬಿಗಿಯಲು ಇರುವುದಲ್ಲ, ಬಿಡಿಸಲು ಇರುವುದು. ಸಾಮಾನ್ಯವಾಗಿ ಎಂಟು ಮಿಲಿಮೀಟರಿನ ಬೋಲ್ಟು ಹಿಡಿಸುತ್ತದೆ. ಎರಡರಲ್ಲೂ ಬೋಲ್ಟು ತಿರುಗಿಸುತ್ತ ಹೋದರೆ ತುದಿ ಹಬ್ಬಿಗೆ ತಾಗಿ ಡಿಸ್ಕನ್ನು ಮುಂದಕ್ಕೆ ತಳ್ಳುತ್ತದೆ. ಬೋಲ್ಟನ್ನು 20 ನ್ಯೂಟನ್ ಮೀಟರ್ ತಿರುವಿನಲ್ಲಿ ಬಿಗಿದರೆ, ಅಂದರೆ ಗೇಣುದ್ದದ ಸ್ಪ್ಯಾನರನ್ನು ಸಾಧಾರಣ ಒತ್ತಿದರೆ, ಅದರ ತುದಿಯಲ್ಲಿ ಸುಮಾರು ಒಂದೂಕಾಲು ಟನ್ ಬಲ. ಎರಡಕ್ಕೆ ಎರಡೂವರೆ ಟನ್. ಸದ್ದಿಲ್ಲ, ಬೇರಿಂಗಿಗೆ ಪೆಟ್ಟೂ ಇಲ್ಲ. ಇದನ್ನು ಕಾಲು ಕಾಲು ಸುತ್ತಿನಂತೆ, ಈ ಬದಿ ಒಮ್ಮೆ ಆ ಬದಿ ಒಮ್ಮೆ ತಿರುಗಿಸಬೇಕು. ಒಂದೇ ಬದಿ ಬಿಗಿದರೆ ಡಿಸ್ಕು ಓರೆಯಾಗಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ, ಎರಕದ ಕಬ್ಬಿಣ ಬಿರಿಯಲೂ ಬಹುದು. ಒತ್ತಡ ತಾಳುವುದರ ಮೂರರಲ್ಲೊಂದು ಪಾಲು ಎಳೆತವನ್ನೂ ಅದು ತಾಳುವುದಿಲ್ಲ. ಬೋಲ್ಟು ಬಿಗಿಯಾದ ಮೇಲೂ ಡಿಸ್ಕು ಬರದಿದ್ದರೆ ಇನ್ನಷ್ಟು ತಿರುಗಿಸಬೇಡಿ. ಹಾಗೇ ಬಿಟ್ಟು ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ. ಬೋಲ್ಟಿನ ತಳ್ಳು ಒಂದು ಕಡೆ, ಪೆಟ್ಟಿನ ಕಂಪನ ಇನ್ನೊಂದು ಕಡೆ ಸೇರಿದಾಗ ಸಾಮಾನ್ಯವಾಗಿ ಟಪ್ ಎಂದು ಬಿಡುತ್ತದೆ. ಅಷ್ಟರಲ್ಲಿ ಒಂದೆರಡು ಚಕ್ರದ ನಟ್ಟನ್ನು ನಾಲ್ಕು ಸುತ್ತು ಹಾಕಿಟ್ಟಿದ್ದರೆ ಡಿಸ್ಕು ಕಾಲ ಮೇಲೆ ಬೀಳದು.

ಮರೆಯ ತೂತಿಲ್ಲದ ಕಾರಿನಲ್ಲಿ ಕ್ಯಾಲಿಪರ್ ಬ್ರಾಕೆಟ್ಟು ಕೂತಿದ್ದ ತೂತುಗಳನ್ನು ಬಳಸಬಹುದು. ಉದ್ದ ಬೋಲ್ಟು ಮತ್ತು ನಟ್ಟು ಹಾಕಿ ಅದರ ತುದಿಯನ್ನು ಡಿಸ್ಕಿನ ಬೆನ್ನಿಗೆ ಒತ್ತಿಸಿ, ಸ್ವಲ್ಪ ಬಿಗಿ, ಡಿಸ್ಕನ್ನು ಸ್ವಲ್ಪ ತಿರುಗಿಸಿ, ಮತ್ತೆ ಸ್ವಲ್ಪ ಬಿಗಿ. ಹಳೆಯ ಡಿಸ್ಕನ್ನು ಹೇಗೂ ಬಿಸಾಡುವವರಿಗೆ ಮಾತ್ರ ಇದು. ಮತ್ತೆ ಬಳಸುವ ಡಿಸ್ಕಿನ ಉಜ್ಜುವ ಮೈಗೆ ಬೋಲ್ಟೂ ಬೇಡ, ಸುತ್ತಿಗೆಯೂ ಬೇಡ.

ಬಿಸಿ ಮಾಡಿದರೂ ಬರುತ್ತದೆ. 60 ಮಿಲಿಮೀಟರ್ ವ್ಯಾಸದ ತೂತು ಹಬ್ಬಿಗಿಂತ 150 ಡಿಗ್ರಿ ಹೆಚ್ಚು ಬಿಸಿಯಾದರೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಹಿಗ್ಗುತ್ತದೆ, ತುಕ್ಕು ಒಡೆಯಲು ಅದು ಧಾರಾಳ. ಆದರೂ ಮನೆಯಲ್ಲಿ ಗ್ಯಾಸಿನ ಉರಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಬೇರಿಂಗಿನ ಗ್ರೀಸು, ಸೀಲು, ಎಬಿಎಸ್ ಸೆನ್ಸರಿನ ವೈರು ಎಲ್ಲ ಅಂಗೈ ಅಗಲದೊಳಗೇ ಇವೆ. ಅದಕ್ಕಿಂತ ಕೆಟ್ಟದ್ದು, ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗಕ್ಕೆ ಉರಿ ತಾಗಿದರೆ ಫಾಸ್ಜೀನ್ ಅನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ವಿಷ ಅದು.

ಡಿಸ್ಕು ಕೈಗೆ ಬಂದ ಕೂಡಲೇ ಹೊಸದನ್ನು ತೊಡಿಸುವ ಆತುರ ಸಹಜ. ನನ್ನ ಮಟ್ಟಿಗೆ ಈ ಕೆಲಸದ ಅತಿ ಮುಖ್ಯ ಭಾಗ ಇಲ್ಲಿಂದಲೇ ಶುರು. ಹಬ್ಬಿನ ಮುಖದ ಮೇಲೆ ತುಕ್ಕಿನ ಒಂದು ಸಣ್ಣ ಚಕ್ಕೆ ಉಳಿದರೂ ಡಿಸ್ಕು ಅದರ ಮೇಲೆ ಓರೆಯಾಗಿ ಕೂರುತ್ತದೆ. ಹಬ್ಬಿನ ಮುಖ ಚಿಕ್ಕದು, ಡಿಸ್ಕಿನ ಅಂಚು ಅದಕ್ಕಿಂತ ಸುಮಾರು ಎರಡು ಪಟ್ಟು ದೂರ, ಹಾಗಾಗಿ ಓರೆ ಅಂಚಿನಲ್ಲಿ ದೊಡ್ಡದಾಗುತ್ತದೆ. ಬಹಳಷ್ಟು ಕಾರುಗಳಲ್ಲಿ ಡಿಸ್ಕಿನ ಓಲಾಟ ಮಿಲಿಮೀಟರಿನ ನೂರರಲ್ಲಿ ಐದಾರು ಪಾಲು ದಾಟಬಾರದು. ದಾಟಿದರೆ ಬ್ರೇಕ್ ಒತ್ತದಿದ್ದಾಗಲೂ ಡಿಸ್ಕಿನ ಒಂದೇ ಜಾಗ ಸುತ್ತು ಸುತ್ತಿಗೆ ಪ್ಯಾಡನ್ನು ತಟ್ಟಿ ಸವೆಯುತ್ತದೆ, ಕೆಲವು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಪೆಡಲು ಕಾಲಿಗೆ ನಡುಗುತ್ತದೆ. ಹೊಸ ಡಿಸ್ಕೇ ಕಳಪೆ ಎಂದು ಅಂಗಡಿಯವರ ಜತೆ ಜಗಳಕ್ಕೆ ಹೋಗುವವರು ಮೊದಲು ಹಬ್ಬನ್ನು ನೋಡಬೇಕು. ವೈರ್ ಬ್ರಶ್ಶು, ಎಮರಿ ಪೇಪರು, ತಾಳ್ಮೆ ಇಷ್ಟೇ ಸಾಕು. ಸ್ಟಡ್ಡುಗಳ ಬುಡವನ್ನೂ ಅಂಚಿನ ಸುತ್ತನ್ನೂ ಲೋಹ ಹೊಳೆಯುವವರೆಗೆ ಉಜ್ಜಿ. ಆಮೇಲೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟನ್ನು ಆ ಅಂಚಿಗೆ ಒಂದೇ ಒಂದು ತೆಳು ಪದರ ಸವರಿ. ಹೆಚ್ಚಾದರೆ ಬಿಸಿಗೆ ಹರಿದು ಪ್ಯಾಡಿಗೆ ತಲುಪುತ್ತದೆ.

ಹೊಸ ಡಿಸ್ಕಿನ ಮೇಲೆ ತುಕ್ಕು ತಡೆಯಲು ಹಚ್ಚಿದ ಎಣ್ಣೆ ಇರುತ್ತದೆ, ಅದನ್ನು ಪೂರ್ತಿ ಒರೆಸಿ ತೆಗೆಯಬೇಕು. ಡಿಸ್ಕು ಬದಲಿಸುವುದಾದರೆ ಎಡಬಲ ಎರಡೂ ಒಟ್ಟಿಗೆ. ಒಂದೇ ಬದಿ ಹೊಸದಾದರೆ ಕಾರು ಒಂದು ಕಡೆಗೆ ಎಳೆಯಬಹುದು. ನಟ್ಟುಗಳನ್ನು ಎದುರುಬದುರಾಗಿ, ಕಾರಿನ ಕೈಪಿಡಿ ಹೇಳಿದಷ್ಟೇ ಬಿಗಿಯಿರಿ. ಕಾರು ಅಂಗಳ ಬಿಡುವ ಮುಂಚೆ ಬ್ರೇಕ್ ಪೆಡಲನ್ನು ಅದು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಹೊಸ ಪ್ಯಾಡು ಕೂರಿಸಲು ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತೇವೆ. ಮೊದಲ ಒತ್ತಿಗೆ ಪೆಡಲು ನೆಲಕ್ಕೇ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಗಟ್ಟಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಹೋಗಿ, ಹದವಾಗಿ ಬ್ರೇಕ್ ಒತ್ತುತ್ತ, ನಡುನಡುವೆ ತಣಿಯಲು ಬಿಡುತ್ತ ಪ್ಯಾಡನ್ನೂ ಡಿಸ್ಕನ್ನೂ ಒಂದಕ್ಕೊಂದು ಪಳಗಿಸಬೇಕು.